ಬೈಂಡರಮ್ಮನ ಇಕ್ಕಳ

ಮೈದಾ ಅಂಟು ಕುದಿ ಹತ್ತಿದ ಮೇಲೆ ಸೌಟು ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಗಂಟು ಕಟ್ಟುತ್ತದೆ; ಗಂಟು ಕಟ್ಟಿದ ಅಂಟು ಬಳಿದರೆ ಪುಸ್ತಕದ ರಟ್ಟಿಗೆ ಸಿಡುಬು ಎದ್ದ ಹಾಗೆ ಕಾಣುತ್ತದೆ. ಹಾಗಾಗಿ ಬೈಂಡರಮ್ಮ ಬಲಗೈಯಲ್ಲಿ ಸೌಟು ತಿರುವುತ್ತಲೇ ಎಡಗೈಯನ್ನು ಬೆನ್ನ ಹಿಂದೆ ಆಡಿಸುತ್ತಿದ್ದಳು. ಅವಳ ಏಪ್ರನ್ನಿನ ದಾರಕ್ಕೆ ನಾಯಿಮರಿ ಜೋತುಬಿದ್ದಿತ್ತು.

“ಬಿಡೋ, ಬಿಡು ಅಂದ್ರೆ! ಅತ್ತೆ, ಇದನ್ನ ಸ್ವಲ್ಪ ಹಿಡ್ಕೊಳ್ಳಿ.”

ಕಿಟಕಿಯ ಬಳಿ ಬೆತ್ತದ ಕುರ್ಚಿಯಲ್ಲಿ ಕೂತು ಹೊಲಿಗೆ ದಾರಕ್ಕೆ ಮೇಣ ಉಜ್ಜುತ್ತಿದ್ದ ಅತ್ತೆ ತಲೆ ಕೂಡ ಎತ್ತಲಿಲ್ಲ. “ನಾನ್ಯಾಕೆ ಹಿಡೀಲಿ? ನಿನ್ನ ತವರಿಂದ ಬಂದದ್ದು. ನಮ್ಮ ಕಡೆಯೋರು ಯಾರೂ ಕಚ್ಚೋರಲ್ಲಮ್ಮ.”

“ನಿಮ್ಮ ಕಡೆಯೋರಿಗೆ ಕಚ್ಚೋಕೆ ಹಲ್ಲೆಲ್ಲಿವೆ?”

ಅತ್ತೆ ಇದ್ದ ಎರಡು ಹಲ್ಲನ್ನೂ ತೋರಿಸಿ ನಕ್ಕರು. ಮಾತಿಗೆ ಮಾತು ಕೊಡುವ ಸೊಸೆ ಸಿಕ್ಕಿದ್ದು ತಮ್ಮ ಪುಣ್ಯವೆಂದು ಅವರು ನೆರೆಯವರ ಮುಂದೆ ಹೇಳಿಕೊಳ್ಳುತ್ತಿದ್ದರು. ಸೊಸೆಯ ಮುಂದೆ ಮಾತ್ರ ಎಂದೂ ಹೇಳಿದವರಲ್ಲ.

ಮರಿ ಟೆರಿಯರ್ ಜಾತಿಯದು. ಗಾತ್ರ ನೋಡಿದರೆ ಒಂದು ಹೂಜಿ, ಗತ್ತು ನೋಡಿದರೆ ಪೊಲೀಸ್ ಇನ್‌ಸ್ಪೆಕ್ಟರು. ಮೈಮೇಲೆ ನಾರಿನಂಥ ಒರಟು ಕೂದಲು, ಗಲ್ಲದ ಕೆಳಗೆ ಮುದುಕರಿಗಿರುವಂಥ ಗಡ್ಡ. ಹಿಡಿದದ್ದನ್ನು ಬಿಡುವುದೆಂಬುದು ಅದರ ಜಾತಕದಲ್ಲಿರಲಿಲ್ಲ. ಅದನ್ನು ತಂದುಕೊಟ್ಟವನು ಇಟ್ಟ ಹೆಸರು ಏನೋ ಇತ್ತು. ಮೊದಲ ದಿನವೇ ಅತ್ತೆ ‘ಇಕ್ಕಳ’ ಎಂದರು, ಅದೇ ನಿಂತುಬಿಟ್ಟಿತು.

ತಂದುಕೊಟ್ಟವನು ಬೈಂಡರಮ್ಮನ ತಮ್ಮ. ಹಡಗಿನಲ್ಲಿ ಅಡುಗೆಯವನು. ಯಾರೋ ಕೊಟ್ಟ ಮರಿಯನ್ನು ಹಡಗಿಗೆ ಹತ್ತಿಸಲು ಕಪ್ತಾನ ಒಪ್ಪದಿದ್ದಾಗ ಅಕ್ಕನ ನೆನಪಾಗಿತ್ತು. “ಸ್ವಲ್ಪ ದಿನ ಇಟ್ಕೊಂಡು ನೋಡಕ್ಕ. ಇಲಿ ಹಿಡಿಯೋ ನಾಯಿ ಬೇಕು ಅಂತ ಬಂದರಿನ ಹತ್ರದ ಕುದುರೆ ಲಾಯದೋರು ಕೇಳ್ತಿದ್ದಾರೆ. ನಿಂಗೆ ಆಗಲ್ಲ ಅಂದ್ರೆ ಬಂದರಿನ ಆಫೀಸಿಗೆ ನನ್ನ ಹೆಸರಿಗೆ ಒಂದು ಕಾಗದ ಹಾಕು, ಲಾಯದೋರು ಬಂದು ಒಯ್ತಾರೆ. ಇಟ್ಕೋತೀನಿ ಅಂದ್ರೂ ಹಾಕು, ಪಾಪ, ಅವರು ಬೇರೆ ಮರಿ ನೋಡ್ಕೋಬೇಕಲ್ಲ,” ಎಂದು ಹೇಳಿ ಹೋಗಿದ್ದ. ನಡುಗಡಲಲ್ಲಿ ಫೋನು ಸಿಗುವುದಿಲ್ಲ. ಅವನಿಗೆ ಕಾಗದವೇ ಗತಿ.

ಬೈಂಡರಮ್ಮನ ಗಂಡ ಗಿರಣಿಯ ರಾತ್ರಿ ಪಾಳಿಯವನು, ಹಗಲೆಲ್ಲ ಮಲಗುವವನು. “ನನ್ನ ನಿದ್ದೆ ಕೆಡಿಸದಿದ್ರೆ ಆನೆ ಬೇಕಾದ್ರೂ ಸಾಕ್ಕೊಳ್ಳಿ,” ಎಂದು ಮಗ್ಗುಲು ಬದಲಿಸಿದ್ದ.

ನಿದ್ದೆಯನ್ನೇನೋ ಇಕ್ಕಳ ಕೆಡಿಸಲಿಲ್ಲ. ಅದರ ಕಣ್ಣು ಇದ್ದದ್ದು ಪುಸ್ತಕಗಳ ಮೇಲೆ. ಊರಿನ ಲೈಬ್ರರಿಯ ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವುದು ಬೈಂಡರಮ್ಮನ ಕಸುಬು. ಕಟ್ಟಿ ಮುಗಿಸಿದ ಪುಸ್ತಕವೊಂದರ ಮೂಲೆಯಲ್ಲಿ ಹಲ್ಲಿನ ಗುರುತು ಕಂಡಾಗ ಲೈಬ್ರರಿಯಿಂದ ಬರುತ್ತಿದ್ದ ಕನ್ನಡಕದ ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ ಹೇಳಿದ್ದರು: “ಅಮ್ಮಾ, ನಮ್ಮ ಓದುಗರೇ ಪುಸ್ತಕ ಸಾಕಷ್ಟು ಹಾಳು ಮಾಡ್ತಾರೆ. ನೀವು ಅವರಿಗೆ ಸಹಾಯ ಮಾಡೋದು ಬೇಡ. ಇನ್ನೊಂದು ಸಲ ಹೀಗಾದ್ರೆ ಮೇಲಿನೋರು ಕೆಲಸಾನ ಬೇರೆಯೋರಿಗೆ ಕೊಟ್ಟುಬಿಡ್ತಾರೆ, ನನ್ನ ಕೈಲೇನೂ ಇಲ್ಲ.”

ಆ ಮನೆಯ ಒಲೆ ಅರ್ಧ ಉರಿಯುತ್ತಿದ್ದುದು ಲೈಬ್ರರಿಯ ಕೆಲಸದಿಂದ. ಇಕ್ಕಳ ಪುಸ್ತಕ ಬಿಡಬೇಕು, ಇಲ್ಲವೇ ಮನೆ ಬಿಡಬೇಕು.

ಅಂದು ಸಂಜೆಯೇ ಬೈಂಡರಮ್ಮ ತಮ್ಮನಿಗೆ ಕಾಗದ ಬರೆದಳು, ಲಾಯದವರನ್ನು ಕಳಿಸು ಎಂದು. ಲಕೋಟೆಗೆ ಅಂಟು ಹಚ್ಚಿದಳು, ಸ್ಟಾಂಪು ಒತ್ತಿದಳು, ಸುಕ್ಕಾಗಬಾರದೆಂದು ಪುಸ್ತಕ ಒತ್ತಿಡುವ ಪ್ರೆಸ್ಸಿನ ಹಲಗೆಯಡಿ ಇಟ್ಟು ತಿರುಪು ಬಿಗಿದಳು. ಅಲ್ಲೇ ಬಿಟ್ಟಳು. ಮಾರನೆಯ ದಿನ ಮಳೆ ಎಂದಳು. ಅದರ ಮಾರನೆಯ ದಿನ ಕೈ ತುಂಬ ಕೆಲಸ. ಆಮೇಲೆ ಕಾರಣ ಹುಡುಕುವುದನ್ನೂ ಬಿಟ್ಟಳು. ಸಂಜೆ ಕೆಲಸ ಮುಗಿಸಿ ಕಾಲು ಚಾಚಿದಾಗ ಆ ಗಡ್ಡದ ಮುಖ ಬಂದು ಅವಳ ಪಾದದ ಮೇಲೆ ಭಾರ ಬಿಟ್ಟು ಮಲಗುತ್ತಿತ್ತು. ಅದಕ್ಕೇನು ಸ್ಟಾಂಪು ಹಚ್ಚುವುದು?

“ಕಾಗದ ಇನ್ನೂ ಪ್ರೆಸ್ಸಲ್ಲೇ ಇದೆಯೇನೆ?” ಅತ್ತೆ ಕೇಳುತ್ತಿದ್ದರು. “ಇರ್ಲಿ ಇರ್ಲಿ. ಇನ್ನೂ ಸ್ವಲ್ಪ ಚಪ್ಪಟೆ ಆದ್ರೆ ಬಾಗಿಲ ಸಂದಿಯಿಂದ ತಾನೇ ಹಾರಿಕೊಂಡು ಹೋಗುತ್ತೆ.”

“ನಿಮಗೆ ಅದು ಹೋದ್ರೆ ಸಾಕಾಗಿದೆ.”

“ನಾನೇನಂದೆ ಈಗ? ಸ್ಟಾಂಪಿನ ಅಂಟು ಒಣಗಿ ಬಿದ್ದೀತು ಅಂದೆ, ಅಷ್ಟೇ.”

ಅತ್ತೆಗೆ ನಾಯಿ ಬೇಡ ಎಂದೇ ಬೈಂಡರಮ್ಮ ತಿಳಿದಿದ್ದಳು.

ಪಾಠ ಮಾತ್ರ ದಿನವೂ ನಡೆಯುತ್ತಿತ್ತು. ಇಕ್ಕಳ ಪುಸ್ತಕ ಕಚ್ಚಿದ ಕೂಡಲೇ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಓಡುವಳು. “ಬಿಡು!” ಎಂದು ಗದರುವಳು. ದವಡೆಯ ಎರಡೂ ಬದಿ ಬೆರಳು ತೂರಿಸಿ ಬಾಯಿ ಬಿಡಿಸಿ ಪುಸ್ತಕ ಎಳೆದುಕೊಳ್ಳುವಳು. ಮೂಗಿನ ಮುಂದೆ ಬೆರಳು ಆಡಿಸಿ ಬುದ್ಧಿ ಹೇಳುವಳು. ಇಕ್ಕಳ ಕತ್ತು ಓರೆ ಮಾಡಿ ಎಲ್ಲ ಕೇಳಿಸಿಕೊಂಡು, ಬೆರಳನ್ನು ನೆಕ್ಕಿ, ಬಾಲ ಅಲ್ಲಾಡಿಸುವುದು. ಎಷ್ಟು ವಿಧೇಯ ಎಂದುಕೊಂಡು ಅವಳು ಕೆಲಸಕ್ಕೆ ಮರಳಿದರೆ, ಅರೆಗಳಿಗೆಯಲ್ಲಿ ಇನ್ನೊಂದು ಪುಸ್ತಕ ಅದರ ಬಾಯಲ್ಲಿ.

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂದು ಅವಳು ನಿಟ್ಟುಸಿರಿಟ್ಟರೆ ಅತ್ತೆ, “ಬಗ್ಗಿರೋದು ಯಾರು ಅಂತ ನೋಡು. ಬೆಳಗ್ಗಿಂದ ನಿನ್ನ ಬೆನ್ನು ನೆಟ್ಟಗಾಗಿಲ್ಲ,” ಎನ್ನುವರು.

ಒಂದು ದಿನ ಇಡೀ ಬೆಳಗ್ಗೆ ಹೊಲಿಗೆಯ ಕೆಲಸವೇ ಇತ್ತು. ಸೂಜಿ, ಮೇಣದ ದಾರ, ಬಿಚ್ಚಿದ ಹಾಳೆಗಳ ಕಟ್ಟು. ಇಕ್ಕಳ ಪುಸ್ತಕದ ರಾಶಿಗೆ ಬೆನ್ನು ತಾಗಿಸಿಕೊಂಡು ಗೊರಕೆ ಹೊಡೆಯುತ್ತಿತ್ತು. ಮಧ್ಯಾಹ್ನ ಬೈಂಡರಮ್ಮ ಅಂಟಿನ ಬೋಗುಣಿಯ ಮುಚ್ಚಳ ತೆಗೆದಳು. ಒಂದು ಕಿವಿ ಎದ್ದಿತು, ಆಮೇಲೆ ಇನ್ನೊಂದು. ಅವಳು ರಟ್ಟಿಗೆ ಅಂಟು ಬಳಿದು, ಬಟ್ಟೆಯನ್ನು ಬೆರಳಿನಿಂದ ಒತ್ತುತ್ತಿದ್ದಂತೆ ಇಕ್ಕಳ ಎದ್ದು ಮೈಮುರಿದು, ರಾಶಿಯಿಂದ ಒಂದು ತೆಳ್ಳನೆಯ ಪುಸ್ತಕ ಆರಿಸಿತು. ಮೂಲೆಯನ್ನು ಹಲ್ಲಿನ ತುದಿಯಲ್ಲಿ ಹಿಡಿದು, ಅಗಿಯದೆ ಹರಿಯದೆ, ಕೋಣೆಯ ನಡುವೆ ನಿಂತು ಅವಳನ್ನೇ ನೋಡತೊಡಗಿತು, ಹೋಟೆಲಿನಲ್ಲಿ ಊಟ ಹೇಳಿ ಕಾಯುವ ಗಿರಾಕಿಯ ಹಾಗೆ.

ಅವಳು ಓಡಿದಳು. ಗದರಿದಳು. ದವಡೆಗೆ ಬೆರಳು ತೂರಿಸಿದಳು.

ಅತ್ತೆಯ ಕೈಯಿಂದ ಮೇಣದ ಉಂಡೆ ಉರುಳಿತು. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ಅಯ್ಯೋ ಪೆದ್ದಮ್ಮ! ಕೈ ನೋಡ್ಕೊಳೆ ನಿನ್ನ ಕೈಯ!”

ಬೈಂಡರಮ್ಮ ನೋಡಿಕೊಂಡಳು. ಬೆರಳುಗಳಲ್ಲಿ ಅಂಟೇ ಇರಲಿಲ್ಲ. ಅಷ್ಟು ಚೊಕ್ಕಟವಾಗಿ ನೆಕ್ಕಿ ಆಗಿತ್ತು.

“ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಇಲ್ಲಿ ಕೈ ನಿಂದು, ಬಾಯಿ ಅದರದು,” ಎಂದರು ಅತ್ತೆ ಕಣ್ಣೊರೆಸಿಕೊಳ್ಳುತ್ತ. “ಪುಸ್ತಕ ಕಚ್ಚಿದ್ರೆ ಈ ಹೆಂಗಸು ಬೆರಳು ತುಂಬ ಗಂಜಿ ತಂದು ಬಾಯಿಗೇ ಇಡ್ತಾಳೆ ಅಂತ ಅದು ಕಲ್ತಿದೆ. ಪಾಠ ಹೇಳ್ತಾ ಇರೋದು ನೀನಲ್ಲ ಕಣೆ. ಅದು ಗಂಟೆ ಹೊಡೆಯುತ್ತೆ, ನೀನು ಓಡ್ತೀಯ.”

ಬೈಂಡರಮ್ಮನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಬೇರೆ ಬೈಂಡರುಗಳ ಅಂಟನ್ನಾದರೆ ಯಾವ ನಾಯಿಯೂ ಮೂಸುತ್ತಿರಲಿಲ್ಲ. ಹುಳು ಹಿಡಿಯದಿರಲೆಂದು ಅವರು ಮೈಲುತುತ್ತ ಬೆರೆಸುತ್ತಾರೆ, ಅದು ವಿಷ. ಅವಳೂ ಬೆರೆಸುತ್ತಿದ್ದವಳೇ. ಮರಿ ಮನೆಗೆ ಬಂದ ದಿನ ಮೈಲುತುತ್ತದ ಡಬ್ಬಿಯನ್ನು ತಾನೇ ಅಟ್ಟಕ್ಕೆ ಸೇರಿಸಿ, ಅಂದಿನ ಅಂಟು ಅಂದಿಗೆ ಎಂದು ಕುದಿಸಲು ಶುರುಮಾಡಿದ್ದಳು.

ಮರುದಿನದಿಂದ ಪಾಠ ತಿರುಗಿತು. ಇಕ್ಕಳ ಪುಸ್ತಕ ಎತ್ತಿದರೆ ಗದರುವುದಿಲ್ಲ, ಓಡುವುದಿಲ್ಲ. ಬೆನ್ನು ತಿರುಗಿಸಿ ಕೈ ತೊಳೆಯುವುದು. ಪುಸ್ತಕ ತಾನೇ ಬಿಟ್ಟು ಮೂಲೆಯ ಗೋಣಿತಾಟಿನ ಮೇಲೆ ಹೋಗಿ ಕೂತರೆ ಮಾತ್ರ ಚಮಚದ ತುದಿಯಲ್ಲಿ ಒಂದಿಷ್ಟು ಅಂಟು. ಲೈಬ್ರರಿಯ ಪುಸ್ತಕಗಳನ್ನು ಬೀರುವಿನಲ್ಲಿಟ್ಟು, ರದ್ದಿಯ ಪುಸ್ತಕಗಳನ್ನು ನೆಲಕ್ಕೆ ಹರಡಿದಳು.

ಮೊದಮೊದಲು ಇಕ್ಕಳ ಕಂಗಾಲಾಯಿತು. ಅಂಗಡಿ ಮುಚ್ಚುವ ಹೊತ್ತಿಗೆ ಗಿರಾಕಿ ಬಾಗಿಲು ಬಡಿಯುವ ಹಾಗೆ, ಒಂದರ ಬದಲು ಎರಡು ಪುಸ್ತಕ ತಂದಿತು, ಬೊಗಳಿತು, ದಪ್ಪನೆಯ ನಿಘಂಟೊಂದನ್ನು ಎಳೆದು ಅವಳ ಕಾಲ ಮೇಲೇ ಕೆಡವಿತು. ಅವಳು ಹಲ್ಲು ಕಚ್ಚಿ ಕೈ ತೊಳೆದಳು. ತೊಳೆದೂ ತೊಳೆದೂ ಬೆರಳು ನೆನೆದ ಕಡಲೆಯಂತಾದವು. ಕೊನೆಗೊಮ್ಮೆ ಇಕ್ಕಳ ನಿಟ್ಟುಸಿರು ಬಿಟ್ಟು, ಪುಸ್ತಕ ಉಗುಳಿ, ತಾಟಿನ ಮೇಲೆ ಹೋಗಿ ಕೂತಿತು.

ಆದರೆ ಲೆಕ್ಕಕ್ಕೆ ಸಿಗದ ಒಂದು ಸಂಗತಿ ಇತ್ತು. ಕಿಟಕಿಯ ಹತ್ತಿರ ಮಾತ್ರ ಪಾಠ ಮರೆತುಹೋಗುತ್ತಿತ್ತು.

“ಅತ್ತೆ, ಕೈ ತೋರಿಸಿ.”

“ಯಾಕೆ?”

“ತೋರಿಸಿ ಅಂದೆ.”

ಅತ್ತೆಯ ತೋರುಬೆರಳು ಒದ್ದೆಯಾಗಿತ್ತು, ಉಗುರಿನ ಸಂದಿಯಲ್ಲಿ ಅಂಟು ಉಳಿದಿತ್ತು. “ಅದು ಮುಖ ನೋಡುತ್ತೆ ಕಣೆ,” ಎಂದರು, ಸಿಕ್ಕಿಬಿದ್ದ ಮಗುವಿನಂತೆ. “ನೀನು ಬೆನ್ನು ತಿರುಗಿಸ್ತೀಯ, ನಿಂಗೇನು ಗೊತ್ತಾಗುತ್ತೆ. ನನ್ನ ಕೈಲಿ ಆಗಲ್ಲಪ್ಪ.”

“ಮನೆ ಬಿಟ್ಟು ಹೋಗ್ಬೇಕಾದೀತು ಅದು, ನಿಮ್ಮ ಕರುಣೆಯಿಂದ!”

ಅತ್ತೆ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತರು. “ತಗೋ, ನಾನೂ ಬೆನ್ನು ತಿರುಗಿಸ್ದೆ. ಇನ್ನು ಮೇಣ ಎಲ್ಲಿ ಬಿತ್ತು ಅಂತ ನನ್ನ ಕೇಳ್ಬೇಡ.” ಅಂದಿನಿಂದ ದಿನವೂ ಕೆಲಸ ಮುಗಿಯುವವರೆಗೆ ಅವರು ಹಾಗೆಯೇ ಕೂರುತ್ತಿದ್ದರು. ಬೈಂಡರಮ್ಮ ಆಗಾಗ ಆ ಬೆನ್ನಿನ ಕಡೆ ನೋಡುತ್ತಿದ್ದಳು. ನಾಯಿ ಬೇಡ ಎನ್ನುವವರು ಕೂರುವ ರೀತಿ ಅದಲ್ಲ.

ಗುಮಾಸ್ತರು ಬರುವ ದಿನ ಬಂತು. ಮುಗಿದ ಪುಸ್ತಕಗಳನ್ನು ಬೈಂಡರಮ್ಮ ನೆಲದ ಮೇಲೆ ಸಾಲಾಗಿ ಜೋಡಿಸಿದಳು. ಇಕ್ಕಳನನ್ನು ಕಟ್ಟಿಹಾಕಬಹುದಿತ್ತು, ಕಟ್ಟಲಿಲ್ಲ. ಕಟ್ಟಿಯೇ ಸಾಕಬೇಕಾದರೆ ಲಾಯವೇ ಮೇಲು ಎಂದು ಅವಳಿಗೆ ಅನಿಸಿತ್ತು. ಅಂಟಿನ ಬೋಗುಣಿಯನ್ನೂ ಮುಚ್ಚಲಿಲ್ಲ.

ಗುಮಾಸ್ತರು ರಟ್ಟು ಕಟ್ಟಿಸಲು ತಂದ ಪುಸ್ತಕಗಳ ಹೊಸ ಕಟ್ಟನ್ನು ಬಗಲಲ್ಲಿ ಇಟ್ಟುಕೊಂಡೇ ಬಗ್ಗಿ ಒಂದೊಂದು ಪುಸ್ತಕದ ಮೂಲೆ ಸವರಿ ನೋಡತೊಡಗಿದರು. ಇಕ್ಕಳ ಸಾಲಿನ ಉದ್ದಕ್ಕೂ ಮೂಸುತ್ತ ನಡೆಯಿತು. ಒಂದು ದಪ್ಪ ಪುಸ್ತಕದ ಬಳಿ ನಿಂತಿತು. ಗಡ್ಡ ತಾಗಿಸಿತು. ಅತ್ತೆ ಗೋಡೆಯ ಕಡೆಗಿದ್ದರೂ ಉಸಿರು ಹಿಡಿದಿದ್ದು ಕೇಳಿಸುತ್ತಿತ್ತು. ಇಕ್ಕಳ ಮುಂದಕ್ಕೆ ನಡೆಯಿತು.

ಬಗ್ಗಿದ್ದ ಗುಮಾಸ್ತರ ಕೋಟಿನ ಜೇಬಿನಿಂದ ಚರ್ಮದ ಕನ್ನಡಕದ ಡಬ್ಬಿ ಟಪ್ಪೆಂದು ಬಿತ್ತು. ಯಾರೂ ಕಣ್ಣು ಮಿಟುಕಿಸುವ ಮೊದಲೇ ಅದು ಇಕ್ಕಳನ ಬಾಯಲ್ಲಿತ್ತು. ಬೈಂಡರಮ್ಮನ ಬಾಯಿಗೆ ಬಂದ ಕೂಗು ಅಲ್ಲೇ ನಿಂತಿತು. ಅವಳು ಬೆನ್ನು ತಿರುಗಿಸಿ ಕೈ ತೊಳೆಯತೊಡಗಿದಳು.

ಇಕ್ಕಳ ಒಂದು ಗಳಿಗೆ ಯೋಚಿಸಿತು. ಆಮೇಲೆ ಡಬ್ಬಿಯನ್ನು ಕಚ್ಚಿಕೊಂಡೇ ಗೋಣಿತಾಟಿಗೆ ಹೋಗಿ, ಎದೆಯುಬ್ಬಿಸಿ ಕೂತಿತು.

ಗುಮಾಸ್ತರು ನೆಟ್ಟಗಾದರು. “ಇದೇನಮ್ಮ, ಕಳ್ಳ ಮಾಲಿನ ಸಮೇತ ತಾನೇ ಠಾಣೆಗೆ ಹೋಗಿ ಕೂತ ಹಾಗಿದೆ!”

“ಅರ್ಧ ಪಾಠ ಆಗಿದೆ ಸಾರ್. ಡಬ್ಬಿ ಪಾಠ ಇನ್ನೂ ಹೇಳಿಕೊಟ್ಟಿಲ್ಲ.”

“ನನ್ನ ಪುಸ್ತಕದ್ದು ಆಗಿದ್ಯಲ್ಲ, ಸಾಕು ಬಿಡಿ,” ಎಂದು ಗುಮಾಸ್ತರು ಕೊನೆಯ ಪುಸ್ತಕದ ಮೂಲೆ ಸವರಿ, ಬಗಲಿನ ಹೊಸ ಕಟ್ಟನ್ನು ಮೇಜಿನ ಮೇಲಿಟ್ಟರು. ಡಬ್ಬಿ ಮರಳಿ ಸಿಗಲು ಅವರು ಕಾಯಬೇಕಾಯಿತು.

ಅವರು ಹೋದ ಮೇಲೆ ಬೈಂಡರಮ್ಮ ಪ್ರೆಸ್ಸಿನ ತಿರುಪು ಸಡಿಲಿಸಿ ಹಳೆಯ ಲಕೋಟೆ ತೆಗೆದು ಒಲೆಗೆ ಹಾಕಿದಳು. ಹೊಸ ಹಾಳೆ ತೆಗೆದು ಬರೆದಳು: ಇಕ್ಕಳ ಇಲ್ಲೇ ಇರುತ್ತದೆ, ಲಾಯದವರಿಗೆ ಬೇರೆ ಮರಿ ನೋಡಿಕೊಳ್ಳಲು ಹೇಳು, ಇಷ್ಟು ದಿನ ಕಾಯಿಸಿದ್ದಕ್ಕೆ ಬೇಸರ ಮಾಡಿಕೊಳ್ಳಬಾರದೆಂದೂ ಹೇಳು.

“ನಂದೂ ಒಂದು ಮಾತು ಸೇರಿಸು,” ಎಂದರು ಅತ್ತೆ, ಕುರ್ಚಿಯನ್ನು ಕಿಟಕಿಯ ಕಡೆ ಎಳೆದುಕೊಳ್ಳುತ್ತ. “ಮುಂದಿನ ಸಲ ಬರುವಾಗ ಅತ್ತೆಗೆ ಅಂತ ಒಂದು ಜೊತೆ ಚಪ್ಪಲಿ ತರಬೇಕಂತೆ ಅಂತ ಬರಿ.”

“ನಿಮ್ಮ ಚಪ್ಪಲೀನೂ ಹೋಯ್ತಾ? ಹೇಳಲೇ ಇಲ್ಲ!”

“ಹೇಳಿದ್ರೆ ನೀನು ಕಾಗದ ಹಾಕಿಬಿಡ್ತಿದ್ದೆ.”

ಬೈಂಡರಮ್ಮ ಬರೆದಳು. ಇಬ್ಬರೂ ಒಟ್ಟಿಗೆ ಹೊರಟರು. ಅತ್ತೆಯ ಕಾಲಲ್ಲಿ ಸೊಸೆಯ ಚಪ್ಪಲಿ, ಕೈಯಲ್ಲಿ ಇಕ್ಕಳನ ಹಗ್ಗ. ಬೀದಿಯ ತಿರುವಿನ ಅಂಚೆಪೆಟ್ಟಿಗೆಯನ್ನು ಕಂಡು ಇಕ್ಕಳ ಜಗಳಕ್ಕೆ ನಿಂತಿತು. “ಬೇಗ ಹಾಕೆ, ನನ್ನ ತೋಳು ಕಿತ್ತು ಬರ್ತಿದೆ!” ಎಂದರು ಅತ್ತೆ. ಬೈಂಡರಮ್ಮ ಲಕೋಟೆಯನ್ನು ಸಂದಿಗೆ ತೂರಿಸಿ ಬಿಟ್ಟಳು.