ಗೋಲಿನಲ್ಲಿ ನಿಂತ ಸೋಗು

ಡಾರ್ಕಸತ್ತೆ ನಡೆಯುತ್ತಿರಲಿಲ್ಲ, ಜಾರುತ್ತಿದ್ದಳು. ದಪ್ಪ ಉಣ್ಣೆಯ ಕಾಲುಚೀಲದ ಪಾದಗಳನ್ನು ನೆಲದಿಂದ ಎತ್ತದೆ, ಮೊಣಕಾಲು ತುಸು ಬಾಗಿಸಿ, ಒಲೆಯಿಂದ ಮೇಜಿಗೆ, ಮೇಜಿನಿಂದ ಸಿಂಕಿಗೆ, ಸಿಂಕಿನಿಂದ ಮತ್ತೆ ಒಲೆಗೆ, ಬರುವುದೆಲ್ಲ ತನ್ನ ಮೇಲೆಯೇ ಬರುತ್ತದೆಂದು ಮೊದಲೇ ಬಲ್ಲವಳಂತೆ ಮುಖವನ್ನು ಸದಾ ಕೋಣೆಯ ಕಡೆಗೇ ಇಟ್ಟುಕೊಂಡು ಓಡಾಡುತ್ತಿದ್ದಳು. ಪಾತ್ರೆ ತೊಳೆಯುವಾಗಲೂ ಓರೆಯಾಗಿ ನಿಲ್ಲುತ್ತಿದ್ದಳೇ ಹೊರತು ಜನಕ್ಕೆ ಬೆನ್ನು ಕೊಡುತ್ತಿರಲಿಲ್ಲ. ಆ ಅಡುಗೆಮನೆಯ ಹಲಗೆ ನೆಲ ಅವಳ ಕೈಯಲ್ಲಿ ಉಜ್ಜಿಸಿಕೊಂಡು ಉಜ್ಜಿಸಿಕೊಂಡು ಹೆಪ್ಪುಗಟ್ಟಿದ ಕೆರೆಯ ಹಾಗೆ ಹೊಳೆಯುತ್ತಿತ್ತು. ಅದಕ್ಕೇ ಆ ನಡಿಗೆ ಎಂದು ಊರವರು ಅಂದುಕೊಂಡಿದ್ದರು.

ಇನ್ನೊಂದು ಅಭ್ಯಾಸವಿತ್ತು. ಮನೆಯಲ್ಲಿ ಜನ ಇರುವಷ್ಟು ಹೊತ್ತು ಅವಳು ಕೂರುತ್ತಿರಲಿಲ್ಲ. "ಬಾ ಡಾರ್ಕಸ್, ನೀನೂ ಒಂದು ತುತ್ತು ತಿನ್ನು" ಎಂದು ಗಂಡಸರು ಬಾಯಿಮಾತಿಗೆ ಕರೆಯುತ್ತಿದ್ದರು; "ನನ್ನದು ಆಯ್ತು" ಎನ್ನುತ್ತಿದ್ದಳು. ಆಗಿರುತ್ತಿರಲಿಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿ ಅವಳ ಅಪ್ಪನ ಹಳೆಯ ಮೀನುಗಾರರ ಕೋಟು, ಎಣ್ಣೆ ಬಟ್ಟೆಯದು, ತೂಗುತ್ತಿತ್ತು. ಬಂದವರೆಲ್ಲ ಅದರ ಮೇಲೆಯೇ ತಮ್ಮ ಟೋಪಿಗಳನ್ನು ಸಿಕ್ಕಿಸುತ್ತಿದ್ದರು. ಆ ಕೋಟನ್ನು ಎಸೆಯಲು ಮಾತ್ರ ಅವಳು ಬಿಟ್ಟಿರಲಿಲ್ಲ.

ನ್ಯೂಫೌಂಡ್‌ಲ್ಯಾಂಡ್ ಕೆನಡಾಕ್ಕೆ ಸೇರುವ ಮುಂಚೆ ನಾವೇ ಒಂದು ದೇಶವಾಗಿದ್ದೆವು. ನಮ್ಮದೇ ಅಂಚೆಚೀಟಿ ಇತ್ತು, ರೈಲಿತ್ತು. ಐಸ್ ಹಾಕಿಗೆ ದೇಶದ ತಂಡವೊಂದು ಮಾತ್ರ ಇರಲಿಲ್ಲ. ಆ ಕೊರತೆಯನ್ನು ನಮ್ಮ ಕಾಗದದ ಗಿರಣಿಯ ಊರಿನ ಮೂವರು ಮುದುಕರು ಪ್ರತಿ ವರ್ಷ ಹಳೇ ಕ್ರಿಸ್‌ಮಸ್ಸಿನ ದಿನ, ಜನವರಿ ಆರರ ಮಧ್ಯಾಹ್ನ, ಡಾರ್ಕಸತ್ತೆಯ ಅಡುಗೆಮನೆಯಲ್ಲಿ ತುಂಬಿಕೊಡುತ್ತಿದ್ದರು. ಮೂವತ್ತಾರರ ಒಲಿಂಪಿಕ್ಸಿಗೆ ನಾವು ತಂಡ ಕಳಿಸಿದ್ದರೆ ಯಾರ್‍ಯಾರು ಹೋಗುತ್ತಿದ್ದರು ಎಂಬುದೇ ಚರ್ಚೆ. ಅವಳ ಗಂಡ ಹೇವರ್ಡ್ ಗಿರಣಿ ತಂಡದ ನಾಯಕನಾಗಿದ್ದವನು, ಈ ಪದ್ಧತಿ ಶುರುಮಾಡಿದವನು. ಅವನು ಸತ್ತ ಮೇಲೂ ಅವರು ಬರುವುದು ನಿಲ್ಲಿಸಲಿಲ್ಲ, ಅವಳು ಉಪ್ಪುಮಾಂಸ ಬೇಯಿಸುವುದನ್ನೂ ನಿಲ್ಲಿಸಲಿಲ್ಲ.

ತಂಡ ಆರಿಸಿದ ರೀತಿ ನೋಡಬೇಕು. ನಮ್ಮಲ್ಲಿ ಮಂತ್ರಿಗಿರಿಯಿಂದ ಹಿಡಿದು ಶಾಲೆಯ ಬೆಂಚಿನವರೆಗೆ ಎಲ್ಲವನ್ನೂ ಚರ್ಚುಗಳ ಲೆಕ್ಕದಲ್ಲಿ ಹಂಚುವುದು ರೂಢಿ. ತಂಡವನ್ನೂ ಹಾಗೆಯೇ ಹಂಚಿದರು. ಆಂಬ್ರೋಸ್ ಹರ್ನ್ ಕ್ಯಾಥೊಲಿಕರ ಪರ, ಎಲಿ ಸ್ಪಾರ್ಕ್ಸ್ ಇಂಗ್ಲಿಷ್ ಚರ್ಚಿನ ಪರ, ಲೀವೈ ಬಟ್ ಮೆಥಡಿಸ್ಟರ ಪರ. ತಲಾ ಐದು ಜನ. ಪ್ರತಿಯೊಬ್ಬರೂ ತಮ್ಮ ಪಾಲಿಗೆ ಗೋಲು ಹೊಡೆಯುವ ಶೂರರನ್ನೇ ತುಂಬಿಕೊಂಡರು. ಗೋಲು ಕಾಯಲು ಯಾರೂ ಉಳಿಯಲಿಲ್ಲ.

ಕಾಯುವವನು ಒಬ್ಬನಿದ್ದ, ಆದರೆ ಹೆಸರಿರಲಿಲ್ಲ. ಆ ಒಲಿಂಪಿಕ್ಸಿನ ಚಳಿಗಾಲದ ಕ್ರಿಸ್‌ಮಸ್ ದಿನಗಳಲ್ಲಿ ಗಣಿ ಊರಿನ ತಂಡ ನಮ್ಮ ಕೆರೆಯ ಮೇಲೆ ಆಡಲು ರೈಲಿನಲ್ಲಿ ಬಂದಿಳಿದಾಗ, ನಮ್ಮ ಗೋಲ್‌ಕೀಪರ್ ಎಲಿ ಮಂಗನಬಾವು ಬಂದು ಮಲಗಿದ್ದ. ಮನೆಮನೆಗೆ ಸೋಗು ಹಾಕಿಕೊಂಡು ತಿರುಗುವ ಕಾಲ ಅದು. ಹಿಟ್ಟಿನ ಚೀಲದ ಮುಸುಕು, ಎಣ್ಣೆ ಬಟ್ಟೆಯ ಉದ್ದನೆಯ ಕೋಟು, ಹೊಟ್ಟೆಗೆ ಕಟ್ಟಿದ ದಿಂಬು, ಇಷ್ಟರ ಒಂದು ಸೋಗು ಮಾತಿಲ್ಲದೆ ಜಾರಿಬಂದು ಗೋಲಿನ ಮುಂದೆ ನಿಂತಿತು. ಗಣಿಯವರ ಒಂದೇ ಒಂದು ರಬ್ಬರ್ ಬಿಲ್ಲೆಯನ್ನೂ ಒಳಗೆ ಬಿಡಲಿಲ್ಲ. ಆಟ ಮುಗಿದ ಮೇಲೆ ಊರವರು ಮುತ್ತಿಕೊಂಡು ತೋಚಿದ ಹೆಸರೆಲ್ಲ ಕೂಗಿದರು. ಸೋಗು ತಲೆಯಾಡಿಸಿ ಹೊರಟೇಹೋಯಿತು. ಸರಿಯಾದ ಹೆಸರು ಹಿಡಿದು ಕೂಗಿದರಷ್ಟೇ ಸೋಗಿನವರು ಮುಸುಕು ತೆಗೆಯಬೇಕು. ತೆಗೆದ ಮೇಲೆ ಮನೆಯವರು ಕೂರಿಸಿ ಕೇಕು ಕೊಡಬೇಕು. ಯಾರೂ ಗುರುತಿಸದೆ ತಾನಾಗಿಯೇ ಮುಸುಕೆತ್ತುವವರಿಗೆ ನಮ್ಮ ಕಡೆ ಮರ್ಯಾದೆಯಿಲ್ಲ.

ಎಪ್ಪತ್ತನಾಲ್ಕರಲ್ಲಿ ಊರಿಗೆ ಹೊಸ ಐಸ್ ಅಂಗಳವಾಯಿತು. ಅದರ ಬಾಗಿಲ ಮೇಲೆ ಈ ಕನಸಿನ ತಂಡದ ಹೆಸರುಗಳನ್ನು ಬರೆಸಬೇಕೆಂದು ತೀರ್ಮಾನವಾಯಿತು. ಬೋರ್ಡು ಬರೆಯುವ ಕೆಲಸ ಆಂಬ್ರೋಸನ ಮಗಳು ಬ್ರೈಡಳದು. ಹದಿನೈದು ಹೆಸರು ಬರೆದು, ಗೋಲಿನ ಜಾಗ ಖಾಲಿ ಬಿಟ್ಟು, ಆ ವರ್ಷ ಅವಳೂ ಅಪ್ಪನ ಜೊತೆ ಬಂದಳು. ಮರುದಿನ ಬೋರ್ಡು ಮೇಲೇರಬೇಕು. ಅಷ್ಟರಲ್ಲಿ ಹೆಸರು ಸಿಗದಿದ್ದರೆ ಆ ಜಾಗಕ್ಕೆ ಬಿಳಿ ಬಣ್ಣ ಬಳಿಯುವುದೆಂದು ಆಗಿತ್ತು.

ಗೋಡೆಗೆ ಒರಗಿಸಿದ್ದ ಬೋರ್ಡಿನ ಖಾಲಿ ಜಾಗವನ್ನು ಡಾರ್ಕಸತ್ತೆ ಆಲೂಗಡ್ಡೆ ಬಡಿಸುತ್ತ ಎರಡು ಸಲ ನೋಡಿದಳು.

"ಬಿಳಿ ಬಣ್ಣ ಬಳಿದರೆ ಮತ್ತೆ ಬರೆಯೋಕಾಗಲ್ವೇನೇ?"

"ಆಗುತ್ತೆ ಅತ್ತೆ. ಆದ್ರೆ ಬರೆಸೋರು ಯಾರು?"

"ಹೌದು, ಅದೂ ಸರಿ," ಎಂದು ಅವಳು ಒಲೆಯ ಕಡೆ ಜಾರಿದಳು.

ಮೇಜಿನ ಸುತ್ತ ಯುದ್ಧ ನಡೆದಿತ್ತು.

"ನಮ್ಮವನೇ ಕಣಯ್ಯಾ ಅವನು," ಎಂದ ಆಂಬ್ರೋಸ್. "ಹೊಡೆತ ಬರೋ ಮುಂಚೆ ಎದೆ ಮೇಲೆ ಶಿಲುಬೆ ಹಾಕ್ಕೊಂಡಿದ್ದನ್ನ ಕಣ್ಣಾರೆ ನೋಡಿದೀನಿ."

"ದಿಂಬು ಸರಿಮಾಡ್ಕೊಂಡಿರ್ತಾನೆ," ಎಂದ ಎಲಿ.

"ನೀನು ಕೆನ್ನೆ ಊದಿಸ್ಕೊಂಡು ಮನೇಲಿ ಬಿದ್ದಿದ್ದೆ. ನಿನಗೇನಯ್ಯಾ ಗೊತ್ತು?"

"ಗೊತ್ತಿಲ್ಲಪ್ಪ. ನನಗಿಂತ ಚೆನ್ನಾಗಿ ಕಾದ ಅಂತ ಮಾತ್ರ ಗೊತ್ತು."

ಲೀವೈ ತನ್ನ ಚರ್ಚಿನ ಶಾಲೆಯ ಮೇಷ್ಟರೊಬ್ಬರ ಹೆಸರು ತೆಗೆದ. ಮೇಷ್ಟರು ಸತ್ತು ಬಹಳ ಕಾಲವಾಗಿತ್ತು. ಅಲ್ಲಿಯವರೆಗೆ ಹೆಸರಾದ ಉಮೇದುವಾರರೆಲ್ಲ ಸತ್ತವರೇ. ಇಲ್ಲವೆನ್ನಲು ಯಾರೂ ಎದ್ದುಬರುವಂತಿರಲಿಲ್ಲ.

ಎಂಜಲು ತಟ್ಟೆ ಎತ್ತಲು ಎದ್ದವಳು ಬ್ರೈಡ್ ಒಬ್ಬಳೇ. ಹಾಗಾಗಿ ಆ ಕೋಣೆಯನ್ನು ಸಿಂಕಿನ ಕಡೆಯಿಂದ ನೋಡುವ ಯೋಗ ಅವಳಿಗೆ ಬಂತು. ಅಷ್ಟರಲ್ಲಿ ಆಂಬ್ರೋಸ್ ಪೊರಕೆ ಹಿಡಿದು, ಜಾಮ್ ಡಬ್ಬಿಯ ಮುಚ್ಚಳ ನೆಲಕ್ಕಿಟ್ಟು, "ಗಣಿಯವರ ಕೊನೇ ಹೊಡೆತ ಹೆಂಗಿತ್ತು ಗೊತ್ತಾ, ಹಿಂಗೆ!" ಎಂದು ಬೀಸಿಯೇಬಿಟ್ಟ. ಮುಚ್ಚಳ ಹೊಳೆಯುವ ನೆಲದ ಮೇಲೆ ರೊಯ್ಯನೆ ಬಂತು. ಡಾರ್ಕಸತ್ತೆಯ ಎರಡೂ ಕೈಯಲ್ಲಿ ತಟ್ಟೆಗಳ ರಾಶಿಯಿತ್ತು. ಅವಳು ಕೆಳಗೆ ನೋಡಲಿಲ್ಲ. ಬಲಗಾಲು ಅಡ್ಡ ತಿರುಗಿ ಮುಚ್ಚಳವನ್ನು ತಡೆದು, ಬದಿಗೆ ತಳ್ಳಿತು. ಒಂದು ಚಮಚವೂ ಅಲುಗಲಿಲ್ಲ.

ಗಂಡಸರು ಮುಚ್ಚಳ ಎಲ್ಲಿ ಹೋಯಿತೆಂದು ಮೇಜಿನ ಕೆಳಗೆ ಹುಡುಕಿದರು. ಬ್ರೈಡ್ ಆ ಕಾಲನ್ನು ನೋಡಿದಳು, ಬಾಗಿಲ ಹಿಂದಿನ ಕೋಟನ್ನು ನೋಡಿದಳು.

"ನೀನೇ. ಡಾರ್ಕಸತ್ತೆ, ಗೋಲಲ್ಲಿ ನಿಂತಿದ್ದೋಳು ನೀನೇ."

"ಏನೇ ಹುಡುಗಿ, ತಲೆ ಕೆಟ್ಟಿದ್ಯಾ?" ಎಂದು ಆಂಬ್ರೋಸ್ ನಕ್ಕ.

ಡಾರ್ಕಸತ್ತೆ ತಟ್ಟೆಗಳನ್ನು ಕೆಳಗಿಟ್ಟಳು. ಏಪ್ರನ್ನಿನ ಸೆರಗೆತ್ತಿ ಮುಖ ಮುಚ್ಚಿಕೊಂಡು ಒಂದು ಕ್ಷಣ ನಿಂತಳು. ಆಮೇಲೆ ಮೆಲ್ಲಗೆ ಇಳಿಸಿದಳು. ಆಂಬ್ರೋಸನ ನಗು ಅರ್ಧಕ್ಕೇ ನಿಂತಿತು.

"ಅಂತೂ ಒಬ್ರಾದ್ರೂ ಹೇಳಿದ್ರಲ್ಲ," ಎಂದಳು.

"ಹೇವರ್ಡ್‌ಗೆ ಗೊತ್ತಿತ್ತಾ?" ಎಲಿ ಕೇಳಿದ.

"ಒಂದೇ ಹಾಸಿಗೇಲಿ ಮಲಗ್ತಿದ್ದ, ಅವನೂ ಊಹಿಸ್ಲಿಲ್ಲ. ವರ್ಷಕ್ಕೊಬ್ಬ ಗಂಡಸಿನ ಹೆಸರು ಹೇಳ್ತಿದ್ದ. ಒಲೆ ಕಡೆ ಒಂದು ಸಲಾನೂ ತಿರುಗಲಿಲ್ಲ."

"ನೀನಾದ್ರೂ ಬಾಯಿಬಿಡಬಾರದಿತ್ತಾ?" ಎಂದ ಆಂಬ್ರೋಸ್.

"ಹೇಳೋದು ಸೋಗಿನ ಕೆಲಸ ಅಲ್ಲಪ್ಪ. ಅದು ಮನೆಯವರ ಕೆಲಸ. ಅಣ್ಣಂದಿರು ಕೆರೆ ಮೇಲೆ ಆಡೋವಾಗ ಗೋಲಿಗೆ ಯಾರೂ ನಿಲ್ತಿರಲಿಲ್ಲ, ನನ್ನ ನಿಲ್ಲಿಸ್ತಿದ್ರು. ಹಂಗೆ ಕಲಿತೆ."

ಲೀವೈಗೆ ಚಿಂತೆಯೇ ಬೇರೆ. "ಹಂಗಾದ್ರೆ ಗೋಲು ಯಾರ ಪಾಲಿಗೆ ಹೋಯ್ತು?"

"ನಾನು ಸಾಲ್ವೇಷನ್ ಆರ್ಮಿ ಚರ್ಚಿನವಳು ಕಣೋ. ನಿಮ್ಮ ಮೂರು ಪಾಲಲ್ಲಿ ನಮಗೆ ಯಾವತ್ತು ಜಾಗ ಇತ್ತು?" ಎನ್ನುತ್ತ ಅವಳು ಕುರ್ಚಿ ಎಳೆದಳು. ಮೊದಲ ಬಾರಿಗೆ, ಜನರೆದುರು, ತನ್ನದೇ ಮೇಜಿಗೆ ಕೂತಳು. "ಗುರುತು ಹಿಡಿದಾಯ್ತು. ಈಗ ಕೇಕು ಕೊಡಿ."

ಮೂವರೂ ದಡಬಡಿಸಿ ಎದ್ದರು. ಆಂಬ್ರೋಸ್ ಹಿಟ್ಟಿನ ಡಬ್ಬಿಗೆ ಕೈಹಾಕಿದ, ಎಲಿ ಒಲೆಯ ಬಾಗಿಲು ತೆಗೆದ, ಲೀವೈ ಪೊರಕೆ ಇಡುವ ಗೂಡಿನಲ್ಲಿ ಇಣುಕಿದ. ಅಷ್ಟು ವರ್ಷ ಆ ಮನೆಯ ಕೇಕು ತಿಂದವರಿಗೆ ಅದು ಎಲ್ಲಿಂದ ಬರುತ್ತಿತ್ತೆಂದು ಗೊತ್ತಿರಲಿಲ್ಲ.

"ಎಲ್ಲಿಟ್ಟಿದೀಯ ಡಾರ್ಕಸ್?"

ಅವಳು ಮೇಜಿನ ಮೇಲೆ ಕೈ ಜೋಡಿಸಿಕೊಂಡು ಕೂತಿದ್ದಳು.

"ಊಹಿಸಿ," ಎಂದಳು.

ಹದಿನಾರನೆಯ ಹೆಸರನ್ನು ಬ್ರೈಡ್ ಅಲ್ಲೇ, ಕೇಕು ಸಿಗುವ ಮುಂಚೆಯೇ, ಬರೆದು ಮುಗಿಸಿದಳು. ಇಂಥವರು ಎಲ್ಲ ಊರುಗಳಲ್ಲೂ ಇದ್ದಾರೆ. ಹೊಡೆದ ಗೋಲುಗಳನ್ನು ಜನ ಎಣಿಸುತ್ತಾರೆ. ಬೀಳದೆ ಉಳಿದ ಗೋಲಿಗೆ, ಸೀಯದೆ ಉಳಿದ ಬ್ರೆಡ್ಡಿಗೆ, ಆರದೆ ಉಳಿದ ಒಲೆಗೆ ಲೆಕ್ಕವಿಲ್ಲ. ಹಾಗೆ ಕಾಯುವವರಿಗೆ ಹೊಗಳಿಕೆಯ ಹಸಿವೂ ಇರುವುದಿಲ್ಲ. ಮುಸುಕನ್ನು ತಾವಾಗಿ ಎತ್ತುವುದಿಲ್ಲ ಎಂಬುದೊಂದೇ ಅವರ ಹಟ. ಮುಖ ಮಾತ್ರ ಕಡೆಯವರೆಗೂ ನಮ್ಮ ಕಡೆಗೇ ಇರುತ್ತದೆ.