ಐದು ತಾಸಿನ ಗಾದಿ ಪರೀಕ್ಷೆ

ನಾಗಪುರದ ಹತ್ತಿರದ ಬುಟಿಬೋರಿಯ ಗಾದಿ ಕಾರ್ಖಾನೆಯಲ್ಲಿ ಯಲ್ಲಪ್ಪನ ಕೆಲಸವೆಂದರೆ ಮಲಗುವುದು. ಕೇಳಿದವರು ನಗುತ್ತಿದ್ದರು, ಆದರೆ ಅದೇನು ಹುಡುಗಾಟಿಕೆಯ ಕೆಲಸವಾಗಿರಲಿಲ್ಲ. ಇನ್ನೂರು ಗಾದಿಗೊಂದರಂತೆ ತೆಗೆದು ಪರೀಕ್ಷೆಯ ಕೋಣೆಗೆ ತರುತ್ತಿದ್ದರು. ಯಲ್ಲಪ್ಪ ಬೂಟು ಬಿಚ್ಚಿ ಅಂಗಾತ ಎರಡು ನಿಮಿಷ, ಎಡಕ್ಕೆ ಎರಡು, ಬಲಕ್ಕೆ ಎರಡು, ಕೊನೆಗೆ ಅಂಚಿನ ಮೇಲೆ ಕೂತು ಒಂದು ನಿಮಿಷ, ಹೀಗೆ ಏಳು ನಿಮಿಷದಲ್ಲಿ ಸ್ಪ್ರಿಂಗು ಎಲ್ಲಿ ಮೊಂಡು, ಫೋಮು ಎಲ್ಲಿ ತೆಳು ಎಂದು ಬೆನ್ನಿನಿಂದಲೇ ಓದಿ ಫಾರ್ಮು ತುಂಬುತ್ತಿದ್ದ. ಒತ್ತಿ ನೋಡುವ ಯಂತ್ರವೂ ಒಂದಿತ್ತು. ಯಂತ್ರಕ್ಕೂ ಯಲ್ಲಪ್ಪನಿಗೂ ಜಗಳ ಬಿದ್ದಾಗ ಗಾದಿ ಹರಿದು ನೋಡುತ್ತಿದ್ದರು. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಯಂತ್ರ ಗೆದ್ದಿರಲಿಲ್ಲ.

ಹೋದ ದೀಪಾವಳಿ ಕಳೆದ ಮೇಲೆ ಅವನಿಗೆ ಅದು ಹಿಡಿಯಿತು. ಯಾರೂ ಸತ್ತಿರಲಿಲ್ಲ, ಯಾರೂ ಬೈದಿರಲಿಲ್ಲ. ಗೋಕಾಕದ ಕಡೆಯಿಂದ ಬಂದು ನಾಗಪುರದ ಬೇಸಾ ಬಡಾವಣೆಯಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡು, ಹೆಂಡತಿ ಕುಮುದಾ, ಹನ್ನೊಂದನೆಯ ಇಯತ್ತೆಯ ಮಗಳು ನೇಹಾ ಜೊತೆ ನೆಟ್ಟಗೇ ಇದ್ದವನು, ಒಂದು ಮುಂಜಾನೆ ರೊಟ್ಟಿ ಮುರಿದು ಬಾಯಲ್ಲಿಟ್ಟುಕೊಂಡರೆ ಅದು ರಟ್ಟಿನ ಹಾಗಿತ್ತು. ಮರುದಿನ ಪಲ್ಯವೂ ರಟ್ಟು. ವಾರ ಕಳೆಯುವುದರೊಳಗೆ ಮಗಳ ಮಾತು, ಟಿವಿ, ತಾನೂ, ಎಲ್ಲವೂ ರಟ್ಟಾದವು. ಕುಮುದಾ ಕೈ ಹಿಡಿದುಕೊಂಡು ಧಂತೋಲಿಯ ಮನೋವೈದ್ಯೆಯೊಬ್ಬರ ಬಳಿ ಕರೆದೊಯ್ದಳು.

ಡಾಕ್ಟರ್ ತನ್ವಿ ಮೈಸೂರಿನವರು, ನಾಗಪುರಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಯಲ್ಲಪ್ಪ ಬಾಯಿ ತೆರೆದದ್ದೇ ಅವರ ಮುಖ ಅರಳಿತು. "ಕನ್ನಡ ಕೇಳಿ ಎಷ್ಟು ದಿನ ಆಗಿತ್ತು ಗೊತ್ತಾ" ಎಂದರು. ಒಂದು ಮಾತ್ರೆ ಬರೆದುಕೊಟ್ಟರು. ಆರು ವಾರ ನುಂಗಿದ. ಬಾಯಿ ಒಣಗಿತು, ಮಿಕ್ಕಿದ್ದು ಇದ್ದ ಹಾಗೇ ಇತ್ತು. ಹಾಗೆಂದು ಹೇಳಿದಾಗ ಡಾಕ್ಟರರ ಮುಖ ಇಳಿಯಿತು. ಎರಡನೆಯ ಮಾತ್ರೆಗೆ ಬೆವರು ಬಂತು, ಕೈ ನಡುಗಿತು. ಅದನ್ನು ಹೇಳಿದಾಗ ಪರೀಕ್ಷೆಯಲ್ಲಿ ಫೇಲಾದ ಹುಡುಗಿಯ ಹಾಗೆ ಅವರು ಪೆನ್ನಿನ ಮುಚ್ಚಳವನ್ನೇ ನೋಡುತ್ತ ಕೂತರು. ಯಲ್ಲಪ್ಪ ಮನಸ್ಸಿನಲ್ಲೇ ಅಂದುಕೊಂಡ: ನಮ್ಮ ಕಡೆಯ ಹೆಣ್ಣುಮಗಳು, ಊರು ಬಿಟ್ಟು ಬಂದಾಳ, ನನ್ನಿಂದ ಇದೆಂಥಾ ತ್ರಾಸ ಇಕಿಗೆ. ಮೂರನೆಯ ಮಾತ್ರೆಯ ಮೇಲೆ ತಿಂಗಳಾದ ಬಳಿಕ "ಹೆಂಗಿದೀರಿ?" ಎಂದು ಅವರು ಕೇಳಿದಾಗ "ಚಲೋ ಅದೀನ್ರಿ ಮೇಡಂ" ಎಂದುಬಿಟ್ಟ. ಅವರಿಗಾದ ಖುಷಿ ನೋಡಿ ಇನ್ನೊಂದು ಸೇರಿಸಿದ: "ಭಾಳ ಚಲೋ."

ಇದಾದ ನಾಲ್ಕನೆಯ ದಿನ, ಕಾರ್ಖಾನೆಯ ಪರೀಕ್ಷೆಯ ಕೋಣೆಯಲ್ಲಿ, ಏಳು ನಿಮಿಷ ಮುಗಿದರೂ ಯಲ್ಲಪ್ಪ ಏಳಲಿಲ್ಲ.

ಏಳಬಾರದೆಂದು ಮಾಡಿದ್ದಲ್ಲ. ಕಾಲಿಗೆ ಹೇಳಿದ, ಕಾಲು ಅಲ್ಲಾಡಲಿಲ್ಲ. ಛತ್ತಿನ ಪಂಖಾ ನೋಡುತ್ತ ಮೂರು ತಾಸು ಹಾಗೇ ಬಿದ್ದಿದ್ದ. ಊಟದ ಗಂಟೆಯಾದ ಮೇಲೆ ಮ್ಯಾನೇಜರ್ ಪಾಂಡುರಂಗ ವಾನಖೇಡೆ ಹುಡುಕಿಕೊಂಡು ಬಂದರು.

"ಯಲ್ಲಪ್ಪಾ, ಏನಾಯ್ತು?" ಎಂದು ಮರಾಠಿಯಲ್ಲಿ ಕೇಳಿದರು.

ಯಲ್ಲಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. "ಏಳೋದಕ್ಕೇ ಆಗ್ತಿಲ್ಲ ಸಾಹೇಬ."

ವಾನಖೇಡೆ ಸಾಹೇಬರು ಬಗ್ಗಿ ಗಾದಿಯ ನಂಬರು ಬರೆದುಕೊಂಡರು. ಆ ತಿಂಗಳು ದೊಡ್ಡದೊಂದು ಹೋಟೆಲಿನವರು, ನಿಮ್ಮ ಗಾದಿ ಎರಡು ತಾಸು ಮಲಗಿದರೆ ಸೊಂಟದ ಕೆಳಗೆ ಕುಸಿಯುತ್ತದೆ ಎಂದು ತಕರಾರು ಮಾಡಿದ್ದರು. ಇಲ್ಲಿ ನೋಡಿದರೆ ನುರಿತ ಮನುಷ್ಯ ಮೂರು ತಾಸಾದರೂ ಏಳಲಾಗುತ್ತಿಲ್ಲ ಎನ್ನುತ್ತಾನೆ. ಸಾಹೇಬರ ಕಣ್ಣು ತುಂಬಿ ಬಂತು. "ಬರೋಬರ್" ಎಂದರು. "ಏಳಬೇಡ. ಹಾಗೇ ಇರು."

ಒಂದು ವಾರದೊಳಗೆ 'ದೀರ್ಘಾವಧಿ ವಿಶ್ರಾಂತಿ ಪರೀಕ್ಷೆ' ಎಂಬ ಹೊಸ ಫಾರ್ಮು ಅಚ್ಚಾಯಿತು. ಐದು ತಾಸು ಮಲಗಬೇಕು, ನಿದ್ದೆ ಮಾಡಕೂಡದು. ಇಡೀ ಕಾರ್ಖಾನೆಯಲ್ಲಿ ಇದು ಯಲ್ಲಪ್ಪನೊಬ್ಬನಿಂದಲೇ ಆಗುತ್ತಿತ್ತು. ಮಾರ್ಚಿನಲ್ಲಿ ಅವನನ್ನು ತಿಂಗಳ ಶ್ರೇಷ್ಠ ಕೆಲಸಗಾರ ಎಂದು ಸಾರಿದರು. ಬೋರ್ಡಿಗೆ ಫೋಟೋ ಬೇಕೆಂದಾಗ ಎದ್ದು ನಿಲ್ಲಲು ಅವನಿಗೆ ಮನಸ್ಸಾಗಲಿಲ್ಲ. ಮಲಗಿದಲ್ಲೇ ತೆಗೆದು, ಆಮೇಲೆ ಉದ್ದಕ್ಕೆ ತಿರುಗಿಸಿ ಹಚ್ಚಿದರು. ಕ್ಯಾಂಟೀನಿಗೆ ಹೋಗುವವರಿಗೆಲ್ಲ ಯಲ್ಲಪ್ಪ ಬಿಳಿ ಗೋಡೆಗೆ ಬೆನ್ನು ಕೊಟ್ಟು, ಕೂದಲು ಮೇಲಕ್ಕೆ ನಿಗುರಿಸಿಕೊಂಡು ನಿಂತಂತೆ ಕಾಣುತ್ತಿತ್ತು.

ಪ್ರಮಾಣಪತ್ರವನ್ನು ಮನೆಗೆ ತಂದಾಗ ನೇಹಾ ಗಟ್ಟಿಯಾಗಿ ಓದಿದಳು. "ಸಾತತ್ಯ, ಸಮರ್ಪಣ... ಅಪ್ಪಾ, ಹೇ ಖರಂ ಆಹೇ ಕಾ?" ಇದು ನಿಜವೇ ಎಂದು ಮರಾಠಿಯಲ್ಲೇ ಕೇಳಿದಳು.

"ಖರೇನ ಐತಿ," ಎಂದಳು ಕುಮುದಾ. "ಮನ್ಯಾಗೂ ಮಲಗ್ತಾನ, ಫ್ಯಾಕ್ಟ್ರ್ಯಾಗೂ ಮಲಗ್ತಾನ. ನಡುವ ಬಸ್ಸಿನ್ಯಾಗ ಅಷ್ಟ ಕುಂಡ್ರತಾನ." ಅವಳ ದನಿಯಲ್ಲಿ ನಗು ಇರಲಿಲ್ಲ. ಗಂಡ ತಾಟಿನ ಮುಂದೆ ಕೂತು ಒಂದೇ ತುತ್ತನ್ನು ಎಷ್ಟು ಹೊತ್ತು ಅಗಿಯುತ್ತಾನೆಂದು ಅವಳು ದಿನವೂ ನೋಡುತ್ತಿದ್ದಳು.

ಹೋಟೆಲಿನವರು ಫಾರ್ಮು ನೋಡಿ ಮೆಚ್ಚಿ ಆರ್ಡರು ದುಪ್ಪಟ್ಟು ಮಾಡಿದರು. ಒಬ್ಬನ ಬೆನ್ನು ಸಾಲದಾಯಿತು. ಎಪ್ರಿಲ್ ಮೊದಲ ವಾರ ವಾನಖೇಡೆ ಸಾಹೇಬರು ಹನ್ನೊಂದು ಮಂದಿಯನ್ನು ಆರಿಸಿ, ಮಲಗುವುದನ್ನು ಕಲಿಸಿಕೊಡೆಂದು ಯಲ್ಲಪ್ಪನಿಗೆ ಒಪ್ಪಿಸಿದರು. ಶೆಡ್ಡಿನಲ್ಲಿ ಹನ್ನೊಂದು ಗಾದಿ ಹಾಸಿದರು, ಎರಡು ಕೂಲರು ಹಚ್ಚಿದರು. ಹತ್ತು ನಿಮಿಷಕ್ಕೇ ಒಬ್ಬ ಗೊರಕೆ ಹೊಡೆದ. ಇನ್ನೊಬ್ಬನಿಗೆ ಬೆನ್ನು ತುರಿಸಿತು. ಮುಕ್ಕಾಲು ತಾಸಿಗೆ ಎಲ್ಲರೂ ಎದ್ದು ಕೂತು, ಇದು ಮನುಷ್ಯರಿಂದ ಆಗುವ ಮಾತಲ್ಲ, ನೀವು ಹ್ಯಾಗೆ ಮಾಡುತ್ತೀರಿ ಹೇಳಿ ಎಂದು ಪೆನ್ನು, ಹಾಳೆ ತೆಗೆದರು.

ಕೆಲಸದ ವಿಷಯದಲ್ಲಿ ಯಲ್ಲಪ್ಪ ಮುಚ್ಚುಮರೆ ಇಲ್ಲದ ಮನುಷ್ಯ. ತನಗೆ ಬರುವ ಮರಾಠಿಯಲ್ಲಿ ಹೇಳತೊಡಗಿದ.

"ಮೊದಲು ಕಾಲಿಗೆ ಏಳು ಅಂತ ಹೇಳಬೇಕು. ಕಾಲು ಕೇಳಿಸ್ಕೊಳ್ತದೆ, ಆದ್ರೆ ತನಗಲ್ಲ ಅಂದ್ಕೊಳ್ತದೆ. ಆಮೇಲೆ ಎದೆ ಮೇಲೆ ಯಾರೋ ಒದ್ದೆ ಗೋಣಿಚೀಲ ಇಟ್ಟ ಹಾಗಾಗ್ತದೆ. ಅದನ್ನ ತೆಗೀಬೇಕು ಅನಿಸೋದಿಲ್ಲ. ಮಗಳು ಫೋನ್ ಮಾಡ್ತಾಳೆ. ಎತ್ತಬೇಕು ಅಂತ ಗೊತ್ತಿರ್ತದೆ. ಎತ್ತಿದ್ರೆ ಏನಾದ್ರೂ ಮಾತಾಡಬೇಕಲ್ಲ, ಅದಕ್ಕೆ ಅದು ನಿಲ್ಲೋತನಕ ನೋಡಬೇಕು. ನಿಂತ ಮೇಲೆ ನಾನೆಂಥಾ ಅಪ್ಪ ಅನಿಸ್ತದೆ. ಹಿಂಗೆ ಅನ್ನಿಸ್ತಾ ಅನ್ನಿಸ್ತಾ ಐದು ತಾಸು ಆಗಿಬಿಡ್ತದೆ."

ಹತ್ತು ಪೆನ್ನುಗಳು ಸರಸರ ಬರೆದವು. ಮುಂದಿನ ಸಾಲಿನವನು ಕೈ ಎತ್ತಿ, ಗೋಣಿಚೀಲ ಕಂಪನಿ ಕೊಡುತ್ತದೆಯೋ ನಾವೇ ತರಬೇಕೋ ಎಂದು ಕೇಳಿದ.

ಹೊಲಿಗೆ ವಿಭಾಗದ ಪ್ರಭಾತಾಯಿ ಮಾತ್ರ ಬರೆದಿರಲಿಲ್ಲ. ಉಳಿದವರು ಚಹಾಕ್ಕೆ ಹೋದ ಮೇಲೆ ಅವರು ಯಲ್ಲಪ್ಪನ ಪಕ್ಕ ಗಾದಿಯ ಅಂಚಿಗೆ ಕೂತರು.

"ಭಾವೂ, ನೀವೀಗ ಹೇಳಿದ್ದು ಟ್ರೇನಿಂಗ್ ಅಲ್ಲ. ಡಾಕ್ಟರಿಗೆ ತೋರಿಸಿದೀರಾ?"

"ತೋರಿಸೀನಿ. ಮೂರನೇ ಮಾತ್ರೆ ನಡೆದಿದೆ."

"ಏನೂ ಆಗ್ತಿಲ್ಲ ಅಂತ ಹೇಳಿದ್ರಾ?"

"ಚಲೋ ಐತಿ ಅಂತ ಹೇಳೀನಿ. ಪಾಪ, ಬ್ಯಾಸರ ಮಾಡ್ಕೊಳ್ತಾರ."

ಪ್ರಭಾತಾಯಿ ಕೆಳಗಿನ ಗಾದಿಯನ್ನು ಅಂಗೈಯಿಂದ ತಟ್ಟಿದರು. "ಇದು ನಡು ಕುಸಿದಿದ್ರೆ, ಹೊಲಿದವಳು ಬೇಜಾರು ಮಾಡ್ಕೊಳ್ತಾಳೆ ಅಂತ ಚಲೋ ಐತಿ ಅಂತ ಬರೀತಿದ್ರಾ? ನನ್ನ ಎಷ್ಟು ಗಾದಿ ವಾಪಸು ಕಳಿಸಿಲ್ಲ ನೀವು?"

ಯಲ್ಲಪ್ಪನಿಗೆ ಆ ಮಾತು ನಾಟಿತು. ಹದಿನೆಂಟು ವರ್ಷದಲ್ಲಿ ಒಂದೇ ಒಂದು ಸುಳ್ಳು ಫಾರ್ಮು ತುಂಬಿದವನಲ್ಲ. ಅವತ್ತೇ ಖಾಲಿ ಫಾರ್ಮೊಂದನ್ನು ಮಡಿಚಿ ಜೇಬಿಗಿಟ್ಟುಕೊಂಡ. ಶನಿವಾರ ಡಾಕ್ಟರರ ಮೇಜಿನ ಮೇಲೆ ಅದನ್ನು ತುಂಬಿ ಇಟ್ಟ. ಮಾದರಿ: ಮೂರನೇ ಮಾತ್ರೆ. ಅವಧಿ: ಎಂಟು ವಾರ. ಆಧಾರ: ಇಲ್ಲ. ಕುಸಿತ: ಇದೆ, ನಡುವಿನಲ್ಲಿ. ತೀರ್ಪು: ತಿರಸ್ಕೃತ.

ಡಾಕ್ಟರ್ ತನ್ವಿ ಎರಡು ಸಲ ಓದಿದರು.

"ನಿಮಗ ಬ್ಯಾಸರ ಆಗಬಾರದಂತ ಹೋದ ಸಲ ಸುಳ್ಳ ಹೇಳಿದ್ನಿರಿ," ಎಂದ ಯಲ್ಲಪ್ಪ.

"ಸಾಯಬೇಕು ಅಂತೇನಾದ್ರೂ ಅನ್ಸುತ್ತಾ?"

"ಸಾಯಾಕೂ ಏಳಬೇಕಲ್ರಿ."

ಅವನ ಮಟ್ಟಿಗೆ ಅದು ಬರೀ ಲೆಕ್ಕದ ಮಾತು. ಡಾಕ್ಟರು ನಗಲಿಲ್ಲ. ಪೆನ್ನು ಕೆಳಗಿಟ್ಟು, ಹಾಗೆ ಅನಿಸುವುದು ಯಾವಾಗ, ಎಷ್ಟು ಹೊತ್ತು ಎಂದು ಒಂದೊಂದಾಗಿ ಕೇಳಿದರು; ಹೊರಗೆ ಕೂತಿದ್ದ ಕುಮುದಾಳನ್ನು ಒಳಗೆ ಕರೆದು ಅವಳೆದುರಿಗೂ ಕೇಳಿದರು. ಆಮೇಲೆ ಹೇಳಿದರು: "ಮಾತ್ರೆ ಕೆಲಸ ಮಾಡ್ಲಿಲ್ಲ ಅಂದ್ರೆ ನೀವು ಫೇಲ್ ಆದ್ರಿ ಅಂತಲ್ಲ. ಎಷ್ಟೋ ಜನಕ್ಕೆ ಹೀಗಾಗತ್ತೆ. ಇನ್ನೂ ದಾರಿಗಳಿವೆ. ಆದ್ರೆ ನಿಜ ಗೊತ್ತಾಗದೆ ನಾನು ಯಾವ ದಾರಿ ಹಿಡೀಲಿ? ನನ್ನ ಮುಖ ನೋಡ್ಕೊಳ್ಳೋದು ನಿಮ್ಮ ಕೆಲಸ ಅಲ್ಲ ಯಲ್ಲಪ್ಪನವರೇ."

ರಕ್ತದ ಪರೀಕ್ಷೆ ಬರೆದರು. ಇದ್ದ ಮಾತ್ರೆಯ ಜೊತೆಗೆ ಇನ್ನೊಂದು ಬಗೆಯದನ್ನು ಕೂಡಿಸಿದರು. ವಾರಕ್ಕೊಮ್ಮೆ ಆಪ್ತಸಮಾಲೋಚಕರೊಬ್ಬರ ಬಳಿ ಕೂತು ಮಾತಾಡಬೇಕೆಂದರು. ಇದಕ್ಕೂ ಬಗ್ಗದಿದ್ದರೆ ಆಸ್ಪತ್ರೆಯಲ್ಲಿ ಕೊಡುವ ಚಿಕಿತ್ಸೆಗಳಿವೆ, ಅವಕ್ಕೆ ಹೆದರಬೇಕಾಗಿಲ್ಲ ಎಂದು ಬಿಡಿಸಿ ಹೇಳಿದರು. ಕೊನೆಗೆ, ಮನಸ್ಸಿರಲಿ ಬಿಡಲಿ, ದಿನಕ್ಕೊಂದು ಕೆಲಸ ಎದ್ದು ಮಾಡಬೇಕೆಂದರು.

ಆ ಕೆಲಸವನ್ನು ಕುಮುದಾ ಆರಿಸಿದಳು. ಮುಂಜಾನೆ ಆರಕ್ಕೆ ಕೂಲರಿಗೆ ನೀರು ತುಂಬುವುದು. ನಾಗಪುರದ ಮೇ ತಿಂಗಳಲ್ಲಿ ಒಂದು ದಿನ ಅದು ತಪ್ಪಿದರೆ ಮಧ್ಯಾಹ್ನಕ್ಕೆ ಮನೆಯೇ ತವೆಯಾಗುತ್ತದೆ. ಮೊದಲ ದಿನ ಯಲ್ಲಪ್ಪ ಪೈಪು ಹಿಡಿದುಕೊಂಡು ನಿಂತ; ಟಾಕಿ ತುಂಬಿದ ಮೇಲೂ ನಿಂತೇ ಇದ್ದ. ನೀರು ಬಾಲ್ಕನಿ ದಾಟಿ, ಕೆಳಗಿನ ಮನೆಯ ಅಜ್ಜಿ ಒಣಹಾಕಿದ್ದ ಹಪ್ಪಳದ ಮೇಲೆ ಸುರಿಯಿತು. ಅಜ್ಜಿ ಮೇಲೆ ಬಂದು ಅರ್ಧ ತಾಸು ಬೈದರು. "ಪೂರ್ತಿ ನಿಂತು ಕೇಳಿದಿಯಲ್ಲಾ," ಎಂದಳು ಕುಮುದಾ, ಅವರು ಹೋದ ಮೇಲೆ. ಅದೂ ಲೆಕ್ಕಕ್ಕೆ ಸೇರಿತು.

ಜೂನಿನಲ್ಲೊಂದು ದಿನ ಕಾರ್ಖಾನೆಯಲ್ಲಿ ನಾಲ್ಕು ತಾಸಿಗೇ ಯಲ್ಲಪ್ಪನಿಗೆ ಚಹಾ ಕುಡಿಯಬೇಕೆನಿಸಿತು. ಎದ್ದು ಹೋಗಿ ಕುಡಿದ. ಅದಕ್ಕೆ ರುಚಿ ಇತ್ತೆಂದು ಹೇಳಲಾಗದು, ಬಿಸಿ ಇತ್ತು. ಆಮೇಲಿನ ವಾರ ಮೂರು ತಾಸಿಗೇ ಎದ್ದ. ಒಂದು ದಿನ ಐವತ್ತು ನಿಮಿಷಕ್ಕೆ. ಜುಲೈ ಹೊತ್ತಿಗೆ ಕೈಗೆ ನೋಟೀಸು ಬಂತು: ಮಲಗುವ ಅವಧಿಯಲ್ಲಿ ಗಂಭೀರ ಇಳಿಕೆ ಕಂಡುಬಂದಿದೆ, ಕಾರಣ ತಿಳಿಸುವುದು.

ಯಲ್ಲಪ್ಪ ವಾನಖೇಡೆ ಸಾಹೇಬರ ಕೋಣೆಗೆ ಹೋಗಿ ಕಾರಣ ತಿಳಿಸಿದ. ಮೊದಲ ದಿನದಿಂದ, ಒಂದೂ ಬಿಡದೆ. ಸಾಹೇಬರು ಬಹಳ ಹೊತ್ತು ಫೈಲಿನ ದಾರ ಸುತ್ತುತ್ತ, ಬಿಚ್ಚುತ್ತ ಕೂತರು.

"ಅಂದ್ರೆ ಗಾದಿ ಚೆನ್ನಾಗಿದೆ ಅಂತಲ್ಲ?"

"ಗಾದಿ ಸಾಧಾರಣ, ಸಾಹೇಬ. ಎಡಗಡೆ ಸ್ವಲ್ಪ ಮೊಂಡು. ಫಾರ್ಮಿನ ಹಿಂದೆ ಬರೆದಿದ್ದೆ, ಯಾರೂ ತಿರುಗಿಸಿ ನೋಡ್ಲಿಲ್ಲ."

ಸಾಹೇಬರು ದನಿ ತಗ್ಗಿಸಿದರು. "ನಿನಗೆ ಗುಣ ಆಗ್ಲಿ, ಅದೇ ಮುಖ್ಯ. ಆದ್ರೆ ಹೋಟೆಲಿನವರು ಮುಂದಿನ ವಾರ ಬರ್ತಾರೆ. ವಾರಕ್ಕೊಂದು ದಿನ, ಮೊದಲಿನ ಹಾಗೆ... ಆಗ್ಬಹುದಾ?"

ಯಲ್ಲಪ್ಪ ವಿಚಾರ ಮಾಡಿದ. "ಸೋಮವಾರ ತಾನಾಗೇ ಆಗ್ತದೆ, ಸಾಹೇಬ. ಆದ್ರೆ ಭರವಸೆ ಕೊಡಲಾರೆ."

ಅವನನ್ನು ಏಳು ನಿಮಿಷದ ಪರೀಕ್ಷೆಗೆ ಮರಳಿ ಹಾಕಿದರು. ಐದು ತಾಸಿನದಕ್ಕೆ ತರಬೇತಾದ ಪ್ರಭಾತಾಯಿಯನ್ನು ನೇಮಿಸಿದರು. ಇಪ್ಪತ್ತೇ ನಿಮಿಷಕ್ಕೆ ಎದ್ದು, ಹೊಲಿಗೆ ಉಳಿದಿದೆ ಎಂದು ಷರಾ ಬರೆದು ಅವರು ತಮ್ಮ ಯಂತ್ರಕ್ಕೆ ವಾಪಸು ಹೋದರು.

ಆ ಶನಿವಾರ ಡಾಕ್ಟರ್ ತನ್ವಿ ಕೇಳಿದರು. "ನೂರಕ್ಕೆ ಎಷ್ಟು ಅನ್ಸುತ್ತೆ ಈಗ?"

"ನಲವತ್ತರಿ."

ಐವತ್ತೋ ಅರವತ್ತೋ ಅಂದುಕೊಂಡಿದ್ದರೇನೋ, ಅವರ ಮುಖ ಸಣ್ಣಗಾಯಿತು. ಯಲ್ಲಪ್ಪ ಅದನ್ನು ಕಂಡ. ಇನ್ನೊಂದು ಹತ್ತು ಕೂಡಿಸಲು ನಾಲಿಗೆ ತುದಿಗೆ ಬಂದಿತ್ತು. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ. ಅವರು ಹಾಳೆಯ ಮೇಲೆ ನಲವತ್ತು ಎಂದು ಬರೆದು, "ಸರಿ, ನಲವತ್ತರಿಂದ ಶುರು ಮಾಡೋಣ" ಎಂದು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.