ಮೂರು ಚುಕ್ಕೆಯ ದೂಜಣ್ಣ

ದೂಜಣ್ಣ ತನ್ನ ಎರಡು ಚಪ್ಪಲಿಗಳನ್ನು ಒಂದೇ ಕಡೆ ಬಿಟ್ಟದ್ದನ್ನು ಕಂಡವರು ಮಲಾಡಿನಲ್ಲಿ ಯಾರೂ ಇರಲಿಲ್ಲ. ಗಣಪತಿಯ ಮಂಟಪವಿರಲಿ, ಭಜನಾ ಮಂಡಳಿಯ ಶನಿಪೂಜೆಯಿರಲಿ, ಎಡಗಾಲಿನದನ್ನು ಒಂದು ಬಾಗಿಲಲ್ಲಿ, ಬಲಗಾಲಿನದನ್ನು ಇನ್ನೊಂದು ಬಾಗಿಲಲ್ಲಿ ಬಿಟ್ಟು, ದೇವರಿಗೆ ಕೈಮುಗಿಯುವಾಗಲೂ ಕಣ್ಣನ್ನು ಎರಡು ಬಾಗಿಲುಗಳಿಗೂ ಹಂಚಿಟ್ಟು ನಿಲ್ಲುತ್ತಿದ್ದ. “ಕಳ್ಳನಿಗೆ ಕಾಲು ಎರಡು ಉಂಟಲ್ಲ ಮಾಸ್ಟ್ರೇ, ಒಂದೇ ಚಪ್ಪಲಿ ಅವನಿಗೆ ಎಂತಕ್ಕೆ?” ಎಂದು ನನಗೊಮ್ಮೆ ಈ ತತ್ತ್ವವನ್ನು ವಿವರಿಸಿದ್ದ. ನಾನಾಗ ಗೋರೆಗಾಂವಿನ ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಸಂಜೆ ಶಾಲೆಗೆ ಹೋಗುವ ಮುನ್ನ ಮಲಾಡ್ ಸ್ಟೇಷನ್ನಿನ ಬಳಿಯ ಅವನ ಪುಟ್ಟ ಹೋಟೆಲಿನಲ್ಲಿ ಚಹಾ ಕುಡಿಯುವುದು ನನ್ನ ರೂಢಿ.

ಆ ಚಹಾದ ಲೋಟದ ತಳದಲ್ಲಿ, ತನ್ನದೆಂಬ ಗುರುತಿಗೆ ಅವನೇ ಇಟ್ಟ ಮೂರು ಚುಕ್ಕೆಗಳಿರುತ್ತಿದ್ದವು. ಛತ್ರಿಯ ಹಿಡಿಯಲ್ಲಿ, ಬೆಂಚಿನ ಕಾಲಿನಲ್ಲಿ, ಚಟ್ನಿಗೆಂದು ತಂದ ತೆಂಗಿನಕಾಯಿಯ ಮೇಲೆ ಕೂಡ ಅವೇ ಮೂರು ಚುಕ್ಕೆಗಳು. ಬೇಸಗೆಯಲ್ಲೂ ತೊಡುವ ಕರಿಯ ಕೋಟಿನ ಒಳಜೇಬಿಗೆ ಎರಡು ಪಿನ್ನು ಚುಚ್ಚಿಕೊಂಡು, ಜನಸಂದಣಿಯಲ್ಲಿ ಏಡಿಯ ಹಾಗೆ ಓರೆಯಾಗಿ ನಡೆಯುತ್ತಿದ್ದ. ಯಾರು ಏನು ಹೇಳಿದರೂ ಅವನ ಉತ್ತರ ಒಂದೇ: “ಇರ್ಲಿ, ನೋಡುವ.” ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಸುದ್ದಿಯನ್ನು ನಾನು ಪತ್ರಿಕೆ ಬಿಡಿಸಿ ಓದಿ ಹೇಳಿದಾಗಲೂ ಅಷ್ಟೇ ಅಂದು ಇಡ್ಲಿಯ ತಟ್ಟೆ ಎಣಿಸತೊಡಗಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ದೂಜಣ್ಣನ ಎದುರು ನಿಂತರೆ ಏನೂ ಕದಿಯದ ನಾವೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆವು.

ಇಂಥವನು ಬದುಕಿನಲ್ಲಿ ಮನಸಾರೆ ಪ್ರೀತಿಸಿದ್ದು ಒಂದು ಪಿಕಪ್ಪನ್ನು. ಮಹಾಯುದ್ಧಕ್ಕೂ ಮುಂಚಿನ ಷೆವ್ರೊಲೆ ಅದು. ಕರಾವಳಿಯ ಊರುಬಿಟ್ಟು ಬಂದ ಹೊಸದರಲ್ಲಿ ಅವನು ಒಂದು ಸೋಡಾ ಫ್ಯಾಕ್ಟರಿಯಲ್ಲಿ ಆ ಗಾಡಿಯನ್ನೇ ಓಡಿಸುತ್ತಿದ್ದ. ಒಮ್ಮೆ ಅದು ನಡುದಾರಿಯಲ್ಲಿ ಕೆಟ್ಟು ನಿಂತಾಗ, ಅಸಲಿ ಕಾರ್ಬುರೇಟರ್ ಮಾರಿಕೊಂಡು ಡೂಪ್ಲಿಕೇಟ್ ಹಾಕಿದ್ದಾನೆಂದು ಸೇಟು ನಾಲ್ಕು ಜನರೆದುರು ಅಂದು ಕೆಲಸದಿಂದ ಓಡಿಸಿಬಿಟ್ಟ. ದೂಜಣ್ಣ ಮುಟ್ಟಿರಲಿಲ್ಲ. ಆದರೆ ಮುಟ್ಟಿಲ್ಲವೆಂದು ತೋರಿಸುವುದು ಹೇಗೆ? ವರ್ಷಗಳು ಉರುಳಿ, ಫ್ಯಾಕ್ಟರಿಗೆ ಬೀಗ ಬಿದ್ದು, ಗೋರೆಗಾಂವಿನ ಎಮ್ಮೆಗಳ ತಬೇಲಾವೊಂದರ ಹಿಂದೆ ಕೋಳಿಗಳು ಮೊಟ್ಟೆಯಿಡುತ್ತಿದ್ದ ಆ ಗಾಡಿಯ ಅಸ್ಥಿಪಂಜರವನ್ನು ಕೊಂಡು ತಂದು ಹೋಟೆಲಿನ ಹಿತ್ತಲಲ್ಲಿ ನಿಲ್ಲಿಸಿದ. ಹಡಗಿನಿಂದ ಇಳಿದ ದಿನ ಅದು ಹೇಗಿತ್ತೋ ಹಾಗೆಯೇ ಆಗಬೇಕು, ಒಂದು ಸ್ಕ್ರೂ ಕೂಡ ಪರಕೀಯವಾಗಿರಬಾರದು ಎಂಬುದು ಅವನ ಹಟ. ಚೋರ್ ಬಜಾರಿನ ಗಲ್ಲಿಗಳಲ್ಲಿ ಭೂತಗನ್ನಡಿ ಹಿಡಿದು ಅಲೆದ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಉಗುರಗಲ ಉಳಿದಿದ್ದ ಹಳೆಯ ಹಸಿರನ್ನು ಕೆರೆದು ತೆಗೆದು ಪೇಂಟರನ ಮುಂದಿಟ್ಟ. ಪೆಟ್ರೋಲ್ ಮೀಟರಿನ ಮುಳ್ಳು ಕೆಂಪೋ ಕೇಸರಿಯೋ ಎಂಬ ಜಿಜ್ಞಾಸೆಯಲ್ಲಿ ಒಂದು ಮಳೆಗಾಲವೇ ಕಳೆದುಹೋಯಿತು. ಹೆಂಡತಿ ಸೇವಂತಿ, “ನನ್ನ ಕನ್ನಡಕದ ಒಂದು ಕಾಲು ಮುರಿದು ವರ್ಷ ಆಯ್ತು, ಅದು ಇವರ ಕಣ್ಣಿಗೆ ಕಾಣುದಿಲ್ಲ” ಎಂದು ನನ್ನೆದುರು ದೂರಿದ್ದುಂಟು.

ಬಾಂಗ್ಲಾ ಯುದ್ಧದ ಬ್ಲ್ಯಾಕೌಟಿನ ದಿನಗಳಲ್ಲಿ ತಾಡಪಾಲು ಹೊದ್ದ ಆ ಗಾಡಿಯ ಮೇಲೆ ಚಾಳಿನವರಿಗೆಲ್ಲ ಗುಮಾನಿ ಹುಟ್ಟಿತು. ಒಳಗೆ ವೈರ್‌ಲೆಸ್ ಇದೆ ಎಂದರು ಕೆಲವರು, ದುಬೈ ಬಂಗಾರ ಇದೆ ಎಂದರು ಉಳಿದವರು. ಹವಾಲ್ದಾರ ಬಂದು ತಾಡಪಾಲು ಎತ್ತಿದರೆ, ದೂಜಣ್ಣ ಗಾಡಿಯ ಅಡಿಯಲ್ಲಿ ಅಂಗಾತ ಮಲಗಿ ಹಲ್ಲುಜ್ಜುವ ಬ್ರಶ್ಶಿನಿಂದ ನಟ್ಟು ತಿಕ್ಕುತ್ತಿದ್ದ. ಎದ್ದು ಬಂದವನು ಮೊದಲು ಕೇಳಿದ್ದು, ಬಂದವನು ನಿಜವಾದ ಪೊಲೀಸನೆನ್ನುವುದಕ್ಕೆ ಏನು ಗ್ಯಾರಂಟಿ ಎಂದು.

ಅವನು ನಂಬಿದ ಮನುಷ್ಯ ಒಬ್ಬನೇ, ಗುರಲಿಂಗಪ್ಪ. ವಿಜಾಪುರದ ಕಡೆಯವನು, ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕ್ರೋಮ್ ಪ್ಲೇಟಿಂಗಿನ ಸಣ್ಣ ಅಂಗಡಿ ಇಟ್ಟಿದ್ದ. ದೂಜಣ್ಣನಿಗೆ ಕಾಮಾಲೆಯಾಗಿ ಹಾಸಿಗೆ ಹಿಡಿದಾಗ ಹೋಟೆಲಿನ ಗಲ್ಲಾದ ಮೇಲೆ ಕುಳಿತವನು ಅವನೇ. ಸ್ವಂತ ಭಾವಮೈದುನನಿಗೂ ಸಿಗದ ಪೀಠ ಅದು. ಹೀಗಾಗಿ ಪಿಕಪ್ಪಿನ ಹೆಡ್‌ಲೈಟುಗಳ ಹಿತ್ತಾಳೆಯ ರಿಂಗುಗಳೆರಡೂ ಪ್ಲೇಟಿಂಗಿಗೆ ಅವನಲ್ಲಿಗೇ ಹೋದವು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಕೊಡುವ ಮುನ್ನ ದೂಜಣ್ಣ ರಿಂಗುಗಳ ಅಂಚಿನಲ್ಲಿ ಮೂರು ಚುಕ್ಕೆ ಇಟ್ಟಿದ್ದ. ಬೇರೆಯವರ ಕಣ್ಣಿಗೆ ಬೀಳಬಾರದೆಂದು ಸೂಜಿಯ ಮೊನೆಯಿಂದ, ಕಂಡೂ ಕಾಣದಂತೆ.

ರಿಂಗುಗಳು ಹೊಳೆಹೊಳೆಯುತ್ತ ಮರಳಿ ಬಂದವು. ಚುಕ್ಕೆಗಳು ಬರಲಿಲ್ಲ. ನನ್ನ ಚಹಾ ಅರ್ಧಕ್ಕೇ ಬಿಡಿಸಿ, ದೂಜಣ್ಣ ನನ್ನನ್ನು ಸಾಕ್ಷಿಗೆಂದು ಕಾಂದಿವಲಿಗೆ ಎಳೆದೊಯ್ದ.

“ಇದು ನನ್ನದಲ್ಲ ಮಾರಾಯ. ನನ್ನ ಗುರ್ತು ಇಲ್ಲ ಇದರಲ್ಲಿ.”

ಗುರಲಿಂಗಪ್ಪ ಕೈ ಒರೆಸಿಕೊಳ್ಳುತ್ತಿದ್ದವನು ಹಾಗೇ ನಿಂತ. “ನನಗ ಕೊಡೂ ಸಾಮಾನಕ್ಕೂ ಗುರ್ತು ಹಾಕಿದ್ದೇನೋ ನೀ?”

“ಹಾಗಾದ್ರೆ ಕೊರಳಿನ ಲಿಂಗ ಮುಟ್ಟಿ ಆಣೆ ಹಾಕು, ಬದಲಿಸ್ಲಿಲ್ಲ ಅಂತ.”

“ಹಿತ್ತಾಳಿ ರಿಂಗಿನ ಸಲುವಾಗಿ ನಾ ಲಿಂಗ ಮುಟ್ಟಂಗಿಲ್ಲ.”

ಇಬ್ಬರ ಊರುಗಳ ನಡುವಿನ ದೂರ ನನಗೆ ಅಂದು ಕಂಡಿತು. ದೂಜಣ್ಣನ ಕಡೆ, ತಪ್ಪು ಮಾಡದವನು ದೈವದ ಮುಂದೆ ಹಿಂದುಮುಂದು ನೋಡದೆ ಆಣೆ ಹಾಕುತ್ತಾನೆ, ಹಾಕದವನೇ ಕಳ್ಳ. ಗುರಲಿಂಗಪ್ಪನಿಗೆ, ಇಂಥ ಕ್ಷುಲ್ಲಕ ವಸ್ತುವಿಗಾಗಿ ಲಿಂಗ ಮುಟ್ಟುವುದೇ ಕಳ್ಳತನಕ್ಕಿಂತ ದೊಡ್ಡ ಅವಮಾನ. “ಸೇಟು ನಿನಗ ಅಂದದ್ದನ್ನ ನೀ ಇವತ್ತ ನನಗ ಅಂದಿ. ಇನ್ನ ಹೋಗು,” ಎಂದು ಅವನು ಒಳಗೆ ನಡೆದ.

ದೂಜಣ್ಣ ಸುಮ್ಮನೆ ಮನೆಗೆ ಹೋಗಿದ್ದರೆ ಆಗುತ್ತಿತ್ತು. ಹೋಗಲಿಲ್ಲ. ಮಲಾಡಿನ ಗ್ಯಾರೇಜುಗಳಲ್ಲೆಲ್ಲ ಹೇಳಿಕೊಂಡು ಬಂದ. ಗುರಲಿಂಗಪ್ಪನಿಗೆ ಹೆಚ್ಚಿನ ಕೆಲಸ ಕೊಡುತ್ತಿದ್ದ ಗ್ಯಾರೇಜಿನ ಕಾಂತಪ್ಪ, ಜೀವದ ಗೆಳೆಯನೇ ಹೀಗಂದ ಮೇಲೆ ಸುಳ್ಳಿರಲಾರದೆಂದು ಕೆಲಸ ನಿಲ್ಲಿಸಿದ. ಅವನ ಹಿಂದೆ ಉಳಿದವರೂ. ಎಸ್ಟೇಟಿನಲ್ಲಿ ಗುರಲಿಂಗಪ್ಪನ ಮೋಟಾರಿನ ಸದ್ದು ದಿನದಿನಕ್ಕೂ ಕಡಿಮೆಯಾಯಿತು. ನನಗೆ ಸಿಟ್ಟು ಬಂದಿತ್ತು. ಆದರೆ ನಿಜ ಹೇಳಬೇಕೆಂದರೆ, ಗುರಲಿಂಗಪ್ಪ ಆಣೆಯೇಕೆ ಹಾಕಲಿಲ್ಲವೆಂಬ ಹುಳು ನನ್ನ ತಲೆಯನ್ನೂ ಹೊಕ್ಕಿತ್ತು. ಸಂಶಯದ ಹತ್ತಿರ ಕುಳಿತವರಿಗೂ ಅದರ ಸೋಂಕು ತಗಲುತ್ತದೆ.

ಇತ್ತ ದೂಜಣ್ಣನಿಗೆ ನಿದ್ದೆಯಿಲ್ಲ. ಪ್ಲೇಟಿಂಗಿನ ಅಡಿಯಲ್ಲಾದರೂ ಚುಕ್ಕೆ ಇದ್ದೀತೇ ಎಂದು ಒಂದು ರಿಂಗನ್ನು ಅರದಿಂದ ಉಜ್ಜಿದ. ಹಿತ್ತಾಳೆ ಬಂತು, ಚುಕ್ಕೆ ಬರಲಿಲ್ಲ. ಕೊನೆಗೆ ಬಾಗಿಲಿನ ಹಿಡಿಕೆಗೆ ಹಾಗೆಯೇ ಸೂಜಿಯ ಚುಕ್ಕೆಯಿಟ್ಟು, ಗೋರೆಗಾಂವಿನ ಬೇರೊಂದು ಪ್ಲೇಟಿಂಗ್ ಅಂಗಡಿಗೆ ಕೊಂಡೊಯ್ದು, ಕಣ್ಣು ಮಿಟುಕಿಸದೆ ಎದುರಿಗೇ ನಿಂತ. ಪ್ಲೇಟಿಂಗಿಗೆ ಮೊದಲು ಲೋಹವನ್ನು ನುಣುಪು ಮಾಡಬೇಕು. ಹಿಡಿಕೆ ತಿರುಗುವ ಪಾಲಿಶ್ ಗಾಲಿಗೆ ತಾಗಿತು, ಕಿಡಿಯೂ ಹಾರಲಿಲ್ಲ, ಕೆಲಸಗಾರ ಅದನ್ನು ಒಮ್ಮೆ ಹೊರಳಿಸಿ ಎತ್ತುವಷ್ಟರಲ್ಲಿ ಚುಕ್ಕೆಗಳು ಮಾಯವಾಗಿದ್ದವು. ಕೆಲಸ ಚೆನ್ನಾಗಿ ಮಾಡಿದವನ ಕೈಯಲ್ಲಿ ಅವು ಉಳಿಯುವಂತೆಯೇ ಇರಲಿಲ್ಲ.

ಅಂದು ಸಂಜೆ ಅವನ ಜೊತೆ ನಾನೂ ಕಾಂದಿವಲಿಗೆ ಹೋದೆ. ಹೊಸ್ತಿಲಲ್ಲೇ ನಿಂತು ದೂಜಣ್ಣ ಹಿಡಿಕೆಯನ್ನು ಮುಂದೆ ಚಾಚಿದ. “ತಪ್ಪಾಯ್ತು ಮಾರಾಯ. ನನ್ನ ಕಣ್ಣೆದುರೇ ಹೋಯ್ತು.”

ಗುರಲಿಂಗಪ್ಪ ಹಿಡಿಕೆಯನ್ನು ಮುಟ್ಟಲಿಲ್ಲ. “ನನಗ ಯಾಕ ಹೇಳ್ತಿ? ನನಗ ಗೊತ್ತೇ ಇತ್ತು. ಯಾರ್‍ಯಾರ ಮುಂದ ಹೇಳಿದ್ದಿ, ಅವರ ಮುಂದ ಹೋಗಿ ಹೇಳು.”

ಹೇಳಿದ. ಅದೇ ಪಿಕಪ್ಪನ್ನು ಮೊದಲ ಬಾರಿ ಬೀದಿಗಿಳಿಸಿ, ಒಂದು ಕಣ್ಣು ಬೆಳ್ಳಿ, ಒಂದು ಕಣ್ಣು ಹಿತ್ತಾಳೆಯಾಗಿ, ಗ್ಯಾರೇಜಿನಿಂದ ಗ್ಯಾರೇಜಿಗೆ ಹೋದ. ಎಲ್ಲರೂ ಗಾಡಿಯ ಸುತ್ತ ಬಂದು ಬೆರಗಾದರು. ಮಾತನ್ನು ಮಾತ್ರ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಂತಪ್ಪ ಅವನ ಬೆನ್ನು ತಟ್ಟಿ ನಕ್ಕ. “ರಾಜಿ ಆಯ್ತಾ? ಒಳ್ಳೇದಾಯ್ತು ಬಿಡಿ ದೂಜಣ್ಣ. ಆದ್ರೆ ಗಿರಾಕಿ ಸಾಮಾನು ನೋಡಿ, ನಮಗೆ ಯಾಕೆ ಬೇಕು ರಿಸ್ಕ್, ಕಾಯ್‌ಕೋ?” ದೂಜಣ್ಣ ಹಿಡಿಕೆ ತೋರಿಸಿದ, ಸೂಜಿ ತೋರಿಸಿದ, ತನ್ನ ಊರಿನ ದೈವದ ಮೇಲೆ ಆಣೆಯನ್ನೂ ಹಾಕಿದ. ಕಾಂತಪ್ಪನ ನಗೆ ಇನ್ನಷ್ಟು ಅಗಲವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ದೀಪಾವಳಿಯ ಹೊತ್ತಿಗೆ ಗುರಲಿಂಗಪ್ಪ ಅಂಗಡಿ ಮುಚ್ಚಿದ. ಕಲ್ಯಾಣದಾಚೆ ಯಾರದೋ ಕಾರ್ಖಾನೆಯಲ್ಲಿ ಸಂಬಳಕ್ಕೆ ಸೇರಲು ಹೊರಟ. ಸಾಮಾನು ಸಾಗಿಸಲು ಬಾಡಿಗೆ ಟೆಂಪೊ ಗೊತ್ತುಮಾಡುತ್ತಿದ್ದವನನ್ನು ತಡೆದು, ದೂಜಣ್ಣ ಪಿಕಪ್ಪು ತಂದು ನಿಲ್ಲಿಸಿದ. ನಾನೂ ಕೈಹಾಕಿದೆ. ಆಸಿಡ್ಡಿನ ತೊಟ್ಟಿಯನ್ನು ಎತ್ತುವಾಗ ತಳದಲ್ಲಿ ಉಳಿದಿದ್ದದ್ದು ಚೆಲ್ಲಿ, ದೂಜಣ್ಣ ಅಗಸೆ ಎಣ್ಣೆ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ್ದ ಪಿಕಪ್ಪಿನ ತೇಗದ ಹಲಗೆಗಳ ಮೇಲೆ ಹೊಗೆಯೆದ್ದಿತು.

“ಹಲಗಿ ಸುಟ್ಟೂವೋ ದೂಜಾ, ನೀರ್ ಹಾಕು!” ಎಂದು ಗುರಲಿಂಗಪ್ಪ ಕೂಗಿದ.

“ಸುಡ್ಲಿ,” ಎಂದ ದೂಜಣ್ಣ, ಆ ಕಡೆ ತಿರುಗಿ ಕೂಡ ನೋಡದೆ, ತೊಟ್ಟಿಯ ತನ್ನ ಕಡೆಯ ತುದಿಯನ್ನು ಇನ್ನೂ ಬಿಗಿಯಾಗಿ ಹಿಡಿದ.

ಸಂಶಯಪಡುವವರನ್ನು ಸಣ್ಣ ಮನಸ್ಸಿನವರೆಂದು ನಾವು ಹಳಿಯುತ್ತೇವೆ. ನಾನು ಕಂಡಂತೆ ಅವರು ಸಣ್ಣವರಲ್ಲ. ಒಮ್ಮೆ ಯಾರೋ ಅವರನ್ನು ನಂಬದೆ ಹೋಗಿರುತ್ತಾರೆ. ಆ ಗಾಯವನ್ನು ಮುಚ್ಚಲು ಅವರು ಲೋಕದ ಒಂದೊಂದು ನಟ್ಟನ್ನೂ ಪರೀಕ್ಷಿಸುತ್ತ ಕೂರುತ್ತಾರೆ. ಆದರೆ ಈ ಲೋಕದ ವ್ಯವಹಾರವೇ ವಿಚಿತ್ರ. ಸಂಶಯವನ್ನು ಹಂಚಲು ಹೊರಟರೆ ಪುರಾವೆ ಕೇಳದೆ ಎಲ್ಲರೂ ಸೆರಗೊಡ್ಡುತ್ತಾರೆ. ಮರಳಿ ಕೇಳಲು ಹೋದರೆ ಒಬ್ಬರೂ ಹಿಂದಕ್ಕೆ ಕೊಡುವುದಿಲ್ಲ.